ಪದಚರ್ಚೆ: ಎಲ್ಲರಿಗೂ ಒಂದೇ ನಿಯಮ, ಕೆಲವರಿಗೆ ಮಾತ್ರ ಏಟು. ಇದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಸ್ನೇಹಿತರೇ,

ಕೊಡಗಿನ ಪೊನ್ನಂಪೇಟೆ ಸುತ್ತಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಇರುವ ಎರವ, ಜೇನುಕುರುಬ ಬುಡಕಟ್ಟುಗಳ ಯುವಜನರಿಗಾಗಿ ಕೆಲಸದ ಹಕ್ಕುಗಳ ಬಗ್ಗೆ ಒಂದು ಕಿರುಹೊತ್ತಗೆ ಸಿದ್ಧಪಡಿಸುತ್ತಿದ್ದೇವೆ. ಅದರಲ್ಲಿ ಅಮೆರಿಕದ ಕಪ್ಪು ಜನರು ಕೆಲಸದಲ್ಲಿನ ತಾರತಮ್ಯದ ವಿರುದ್ಧ ಹೂಡಿದ ಒಂದು ಮೊಕದ್ದಮೆಯ ಕಥೆ ಬರುತ್ತದೆ. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು.

ಇಂಥದ್ದನ್ನು ಪತ್ರಿಕೆಗಳು ‘ಜನಾಂಗೀಯ ತಾರತಮ್ಯ’ ಎಂದು ಬರೆಯುತ್ತವೆ. ನಮ್ಮ ಕಡೆ ಜನಾಂಗ ಎಂದರೆ ಕೊಡವ ಜನಾಂಗ, ಗೌಡ ಜನಾಂಗ. ಸಂವಿಧಾನದ ಕನ್ನಡ ಪಾಠದಲ್ಲಿರುವ ‘ಮೂಲವಂಶ’ ಖಚಿತವಾದ ಪದವಾದರೂ ಯಾರ ಬಾಯಲ್ಲೂ ಇಲ್ಲ. ‘ವರ್ಣಭೇದ’ ಎಂದರೆ ದಕ್ಷಿಣ ಆಫ್ರಿಕಾ ನೆನಪಾಗುತ್ತದೆ. ‘ಜನಾಂಗ’ವನ್ನೇ ಉಳಿಸಿಕೊಂಡು ಒಮ್ಮೆ ಬಿಡಿಸಿ ಹೇಳಿದರೆ ಸಾಕೆಂದು ನನ್ನ ಅಭಿಪ್ರಾಯ.

ನಿಜವಾದ ತೊಡಕು ಮುಂದಿದೆ. ಉತ್ತರ ಕೆರೊಲಿನಾದಲ್ಲಿ ಡ್ಯೂಕ್ ಪವರ್ ಕಂಪನಿಯ ವಿದ್ಯುತ್ ಸ್ಥಾವರದಲ್ಲಿ ಕಪ್ಪು ಜನರಿಗೆ ಸಿಗುತ್ತಿದ್ದದ್ದು ಕೂಲಿ ವಿಭಾಗ ಮಾತ್ರ. ಅಲ್ಲಿನ ಅತಿ ಹೆಚ್ಚಿನ ಸಂಬಳವೂ ಬೇರೆ ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತ ಕೆಳಗೆ. ಉದ್ಯೋಗದಲ್ಲಿ ತಾರತಮ್ಯ ಕೂಡದೆಂಬ ಕಾನೂನು 1965ರ ಜುಲೈ 2ರಂದು ಜಾರಿಗೆ ಬಂತು. ಅದೇ ದಿನ ಕಂಪನಿ ಹೊಸ ನಿಯಮ ತಂದಿತು: ಕೂಲಿ ವಿಭಾಗ ಬಿಟ್ಟು ಬೇರೆಡೆ ಹೊಸದಾಗಿ ಸೇರುವವರು ಮೊದಲಿನಂತೆ ಪ್ರೌಢಶಾಲೆ ಮುಗಿಸಿದ್ದರಷ್ಟೇ ಸಾಲದು, ಎರಡು ಸಾಮರ್ಥ್ಯ ಪರೀಕ್ಷೆಗಳಲ್ಲೂ ತೇರ್ಗಡೆಯಾಗಬೇಕು. ನಿಯಮ ಎಲ್ಲರಿಗೂ ಒಂದೇ. ಆದರೆ ಪ್ರತ್ಯೇಕ, ಕಳಪೆ ಶಾಲೆಗಳಲ್ಲಿ ಓದಬೇಕಾಗಿ ಬಂದ ಕಪ್ಪು ಜನರೇ ಹೆಚ್ಚಾಗಿ ಹೊರಗುಳಿದರು. ಅಷ್ಟು ಓದದ ಬಿಳಿಯರು ಅದೇ ಕೆಲಸವನ್ನು ಮೊದಲಿನಿಂದಲೂ ಚೆನ್ನಾಗಿಯೇ ಮಾಡಿಕೊಂಡು ಬಂದಿದ್ದರು! ಕೆಲಸಕ್ಕೆ ಸಂಬಂಧವಿಲ್ಲದ ಇಂಥ ಅರ್ಹತೆ, ಕೆಟ್ಟ ಉದ್ದೇಶವಿಲ್ಲದಿದ್ದರೂ, ಕಾನೂನುಬಾಹಿರ ಎಂದು 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪಿತ್ತಿತು.

ಇದನ್ನು ‘ಪರೋಕ್ಷ ತಾರತಮ್ಯ’ ಎನ್ನುವುದುಂಟು. ಪರೋಕ್ಷವೆಂದರೆ ಮರೆಯಲ್ಲಿ ನಡೆದದ್ದು ಎಂಬ ಭಾವನೆ ಬರುತ್ತದೆ. ಇದು ಸೂಚನಾಫಲಕದಲ್ಲೇ ಬರೆದಿರುತ್ತದೆ. ತೋಟದ ಮೂಲೆಮೂಲೆ ಬಲ್ಲ ಎರವರ ಹುಡುಗ ಕಾವಲುಗಾರನ ಕೆಲಸ ಕೇಳಿದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೇಳುತ್ತಾರೆ, ಮನೆಯ ವಿಳಾಸಕ್ಕೆ ದಾಖಲೆ ಕೇಳುತ್ತಾರೆ. ಲೈನ್ ಮನೆ ಮಾಲೀಕನದು, ದಾಖಲೆ ಎಲ್ಲಿಂದ ತರಬೇಕು? ಅವನು ಓದಿ ‘ಇದು ನನಗಾದದ್ದೇ’ ಎನ್ನುವಂಥ ಪದ ಬೇಕು. ‘ಪರಿಣಾಮದ ತಾರತಮ್ಯ’ ಆಗಬಹುದೇ?

ಈ ಕಥೆಗೆ 2025ರ ಬಾಲವೂ ಇದೆ. ಜನವರಿಯಲ್ಲಿ ಅಲ್ಲಿನ ಅಧ್ಯಕ್ಷರು ಕೆಲಸದಲ್ಲಿನ ತಾರತಮ್ಯದ ದೂರುಗಳನ್ನು ನೋಡುವ ಸಮಾನ ಉದ್ಯೋಗಾವಕಾಶ ಆಯೋಗದ ಇಬ್ಬರು ಆಯುಕ್ತರನ್ನು ಅವಧಿ ಮುಗಿಯುವ ಮೊದಲೇ ತೆಗೆದುಹಾಕಿದರು. ಐವರ ಆಯೋಗಕ್ಕೆ ತಿಂಗಳುಗಟ್ಟಲೆ ಕೋರಂ (ತೀರ್ಮಾನ ಮಾಡಲು ಬೇಕಾದ ಕನಿಷ್ಠ ಸದಸ್ಯರು) ಇರಲಿಲ್ಲ. ಏಪ್ರಿಲ್‌ನಲ್ಲಿ, ಮೇಲೆ ಹೇಳಿದ ಬಗೆಯ ತಾರತಮ್ಯದ ಮೇಲೆ ಕ್ರಮ ಜರುಗಿಸುವುದನ್ನು ಸರ್ಕಾರಿ ಇಲಾಖೆಗಳು ಆದಷ್ಟು ಕೈಬಿಡಬೇಕೆಂಬ ಅಧ್ಯಕ್ಷರ ಆದೇಶ ಹೊರಬಿತ್ತು. ಅವಧಿ ಮುಗಿಯುವವರೆಗೆ ಆಯುಕ್ತರನ್ನು ಮುಟ್ಟದಿರುವುದು ಅಲ್ಲಿ ಹಿಂದಿನಿಂದ ನಡೆದುಬಂದದ್ದು. ಇಂಥ ಬರೆಯದ ಕಟ್ಟಳೆಗಳಿಗೆ ಏನು ಹೇಳೋಣ? ‘ಮೌಲ್ಯ’ ತೀರಾ ವಿಶಾಲ. ‘ರೂಢಿ’ ಎನ್ನಲು ಮನಸ್ಸು ಒಪ್ಪುವುದಿಲ್ಲ, ಕಪ್ಪು ಜನರನ್ನು ಕೂಲಿ ವಿಭಾಗದಲ್ಲೇ ಇಟ್ಟದ್ದೂ ರೂಢಿಯೇ. ‘ಕಟ್ಟುಪಾಡು’ ಇನ್ನೂ ಬೇಡ. ಆಳು ಅಂಗಳದಾಚೆ ನಿಲ್ಲಬೇಕು ಎಂದದ್ದೂ ಕಟ್ಟುಪಾಡೇ. ‘ಮೇರೆ’ ನನಗೆ ಹಿಡಿಸಿದೆ. ಅಧಿಕಾರ ಮೇರೆ ಮೀರಿತು ಎಂದರೆ ಯಾರಿಗೂ ಅರ್ಥವಾಗುತ್ತದೆ.

ಎರವ ನುಡಿಯಲ್ಲಿ, ಕೊಡವ ತಕ್ಕಿನಲ್ಲಿ, ಅರೆಭಾಷೆಯಲ್ಲಿ ಇವಕ್ಕೆ ಪದಗಳಿದ್ದರೆ ಬಳಕೆಯ ವಾಕ್ಯದೊಡನೆ ತಿಳಿಸಿ. ಅಚ್ಚಿಗೆ ಕೊಡುವ ಮೊದಲು ಹೊತ್ತಗೆಯನ್ನು ಲೈನ್ ಮನೆಗಳಲ್ಲಿ ಗಟ್ಟಿಯಾಗಿ ಓದಿ ಕೇಳಿಸುವವರಿದ್ದೇವೆ. ಅಲ್ಲಿ ತಿಳಿಯದ ಪದವನ್ನು ಉಳಿಸಿಕೊಳ್ಳುವುದಿಲ್ಲ.