ಹೆಚ್ ಅಂತೀಯಾ, ಎಚ್ ಅಂತೀಯಾ?

(ನಮ್ಮ 98ರ ಪಿಯು ಬ್ಯಾಚಿನ ವಾಟ್ಸಾಪ್ ಗುಂಪು. ಜುಲೈ ಮೊದಲ ವಾರ, ಶುಕ್ರವಾರ ರಾತ್ರಿ. ಗುಡ್‌ನೈಟ್ ಹೂವುಗಳು, ಕೈ ಮುಗಿಯುವ ಚಿಹ್ನೆಗಳು, ಡಿಸೆಂಬರ್ ಗೆಟ್‌ಟುಗೆದರ್‌ಗೆ ದುಡ್ಡು ಕೊಡದವರ ಪಟ್ಟಿ ಇವನ್ನೆಲ್ಲ ತೆಗೆದ ಮೇಲೆ ಉಳಿದದ್ದು ಇಷ್ಟು.)

ಪ್ರದೀಪ (8:22): [ಹಲವು ಬಾರಿ ಫಾರ್ವರ್ಡ್ ಆದದ್ದು. ಫೋಟೋ: ಎತ್ತರದ ಗೋಡೆ, ಮೇಲೆ ತಂತಿ ಬಲೆ] ನೋಡಿ ಸ್ನೇಹಿತರೇ! ಒಂದೇ ಯೇಸು, ಒಂದೇ ಬೈಬಲ್. ಆದರೂ ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕ್ಕರೂ ಪ್ರಾಟೆಸ್ಟೆಂಟರೂ ಹೊಡೆದಾಡಿ ಸತ್ತರು. ಕೊನೆಗೆ ಮಧ್ಯೆ ಗೋಡೆ ಕಟ್ಟಿದ ಮೇಲೇ ಶಾಂತಿ. ಬೇರೆ ಬೇರೆ ಇಟ್ಟರೆ ಮಾತ್ರ ಎಲ್ಲರಿಗೂ ನೆಮ್ಮದಿ. ಹತ್ತು ಜನರಿಗೆ ಕಳಿಸಿ.

ಸುನಿಲ್ (8:25): ಇದನ್ನು ಇಲ್ಲಿ ಯಾಕೆ ಹಾಕಿದೆ ಪ್ರದೀಪ? ಈ ಗುಂಪಿನಲ್ಲಿ ನಾನೂ ಇದ್ದೇನೆ, ಲವೀನಾಳೂ ಇದ್ದಾಳೆ.

ಪ್ರದೀಪ (8:26): ನಾನು ಬರೆದದ್ದಲ್ಲ ಮಾರಾಯ. ಬಂತು, ಹಾಕಿದೆ. ಸುಳ್ಳಿದ್ದರೆ ಹೇಳು.

ಶೋಭಾ (8:27): "ಬಂತು, ಹಾಕಿದೆ." ನಮ್ಮ ಕೋರ್ಟಿನಲ್ಲಿ ದಿನಾ ಕೇಳುವ ಮಾತು ಇದು.

ಅಶ್ರಫ್ (8:28): ಲವೀನಾ ಬೆಲ್‌ಫಾಸ್ಟ್‌ನಲ್ಲೇ ನರ್ಸ್ ಅಲ್ವಾ? ಅವಳನ್ನೇ ಕೇಳೋಣ. ಇದು ಅವಳ ಓಣಿ ವಿಷಯ.

ಲವೀನಾ (8:41): ಈಗ ನೋಡಿದೆ. ಇವತ್ತು ವೀಕ್ಲಿ ಆಫ್. ಪ್ರದೀಪ, ಫೋಟೋ ನಿಜ. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಈ ಕಡೆ ಫಾಲ್ಸ್ ರೋಡ್, ಕ್ಯಾಥೊಲಿಕ್ಕರು ಜಾಸ್ತಿ. ಆ ಕಡೆ ಶ್ಯಾಂಕಿಲ್ ರೋಡ್, ಪ್ರಾಟೆಸ್ಟೆಂಟರು. ಗೋಡೆಯ ಮೇಲೆ ಟೂರಿಸ್ಟುಗಳು ಪೆನ್ನಿನಲ್ಲಿ ಹೆಸರು ಬರೆದು ಹೋಗುತ್ತಾರೆ. ಆದರೆ ಕೆಳಗಿನ ಬರಹ ಪೂರಾ ಉಲ್ಟಾ.

ಪ್ರದೀಪ (8:42): ಏನು ಉಲ್ಟಾ? ಜಗಳ ಆಗಿಲ್ವಾ?

ಲವೀನಾ (8:47): ಆಗಿದೆ. ಮೂವತ್ತು ವರ್ಷದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು, ನಮ್ಮ ಒಂದು ಜಿಲ್ಲೆಯಷ್ಟು ಜನ ಇರುವ ಈ ಉತ್ತರ ಐರ್ಲೆಂಡಿನಲ್ಲಿ. ಆದರೆ ಬೈಬಲ್‌ಗಾಗಿ ಯಾರೂ ಗುಂಡು ಹಾರಿಸಲಿಲ್ಲ. ಮಾತೆ ಮರಿಯಳನ್ನು ಪ್ರಾರ್ಥಿಸಬೇಕೋ ಬೇಡವೋ ಅಂತ ಯಾರೂ ಬಾಂಬ್ ಇಡಲಿಲ್ಲ. ಈ ನಾಡು ಬ್ರಿಟನ್ ಜೊತೆ ಇರಬೇಕಾ, ಐರ್ಲೆಂಡ್ ಜೊತೆ ಸೇರಬೇಕಾ ಅನ್ನೋದು ಒಂದು. ಮನೆ, ಕೆಲಸ, ಓಟು ಯಾರಿಗೆ ಅನ್ನೋದು ಇನ್ನೊಂದು. ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಅನ್ನೋದು ಇಲ್ಲಿ ನಮ್ಮ ಜಾತಿ ಇದ್ದ ಹಾಗೆ. ಚರ್ಚಿಗೆ ಕಾಲಿಡದವನೂ ಯಾವುದೋ ಒಂದು ಕಡೆಯವನೇ.

ಅಶ್ರಫ್ (8:48): ಅಲ್ಲಿ ಮುಸ್ಲಿಂ ಅಂದರೆ "ಕ್ಯಾಥೊಲಿಕ್ ಮುಸ್ಲಿಮಾ, ಪ್ರಾಟೆಸ್ಟೆಂಟ್ ಮುಸ್ಲಿಮಾ" ಅಂತ ಕೇಳುತ್ತಾರಂತೆ, ಹೌದಾ?

ಲವೀನಾ (8:52): ಹಳೇ ಜೋಕು ಅದು, ಆದರೆ ಪೂರ್ತಿ ಜೋಕೂ ಅಲ್ಲ. ಇಲ್ಲಿ ಕೆಲಸಕ್ಕೆ ಅರ್ಜಿ ಹಾಕಿದಾಗ ಒಂದು ಹಾಳೆ ಕೊಡುತ್ತಾರೆ. ಕ್ಯಾಥೊಲಿಕ್ ಸಮುದಾಯವಾ, ಪ್ರಾಟೆಸ್ಟೆಂಟ್ ಸಮುದಾಯವಾ, ಎರಡೂ ಅಲ್ಲವಾ, ಟಿಕ್ ಮಾಡಬೇಕು. ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂತು. ಆಮೇಲೆ ಗೊತ್ತಾಯಿತು, ಕೆಲಸ ಕೊಡುವಾಗ ಭೇದ ಮಾಡುತ್ತಾರಾ ಅಂತ ಲೆಕ್ಕ ಇಡುವುದಕ್ಕೆ ಕಾನೂನೇ ಇದನ್ನು ಕೇಳಿಸುತ್ತದೆ.

ಹಾಳೆ ಇಲ್ಲದೆಯೂ ಕಂಡುಹಿಡಿಯುತ್ತಾರೆ. ನಾನು ಸೇರಿದ ಹೊಸತರಲ್ಲಿ ಫೋನಿನಲ್ಲಿ ಪೇಷೆಂಟ್ ಹೆಸರಿನ ಸ್ಪೆಲ್ಲಿಂಗ್ ಹೇಳುತ್ತಿದ್ದೆ. "ಹೆಚ್" ಅಂದೆ. ಪಕ್ಕದಲ್ಲಿದ್ದವಳು ನಕ್ಕಳು. ಇಲ್ಲಿ ಕ್ಯಾಥೊಲಿಕ್ಕರು ಹೆಚ್ ಅನ್ನುತ್ತಾರೆ, ಪ್ರಾಟೆಸ್ಟೆಂಟರು ಎಚ್ ಅನ್ನುತ್ತಾರೆ. ಒಂದು ಅಕ್ಷರ ಸಾಕು. ನನ್ನ ಮಟ್ಟಿಗೆ ಲೆಕ್ಕ ಸರಿಹೋಯಿತು. ಆದರೆ ನಮ್ಮ ವಾರ್ಡಿನಲ್ಲಿ ಬೆಳಗಾವಿಯ ಹುಡುಗಿ ಒಬ್ಬಳಿದ್ದಾಳೆ, ದಿನಾ ಕುಂಕುಮ ಇಟ್ಟು ಬರುತ್ತಾಳೆ. ಅವಳದ್ದೂ ಹೆಚ್ಚೇ!

ಶೋಭಾ (8:53): ನಮ್ಮಲ್ಲಿ ಎಚ್.ಡಿ. ಅಂತ ಬರೆಯಬೇಕಾ, ಹೆಚ್.ಡಿ. ಅಂತ ಬರೆಯಬೇಕಾ ಅಂತಲೇ ಪೇಪರುಗಳಿಗೆ ಒಮ್ಮತ ಇಲ್ಲ. ಪುಣ್ಯಕ್ಕೆ ಅದಕ್ಕೆ ಗೋಡೆ ಕಟ್ಟಿಲ್ಲ.

ಪ್ರದೀಪ (8:55): ಸರಿ, ಧರ್ಮ ಅಲ್ಲ ಅಂತಾನೇ ಇಟ್ಟುಕೊಳ್ಳೋಣ. ಮನೆ, ಓಟು ಅಂದೆಯಲ್ಲ, ಅದೇನು? ಬ್ರಿಟಿಷರ ನಾಡಿನಲ್ಲಿ ಓಟಿಗೇನು ಬರ?

ಶ್ರೀಧರ ಮೇಷ್ಟ್ರು (9:03): ಮಕ್ಕಳೇ, ನಿದ್ದೆ ಬರಲಿಲ್ಲ, ಓದುತ್ತಿದ್ದೇನೆ. 1609ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಪ್ರಾಟೆಸ್ಟೆಂಟರನ್ನು ತಂದು ಅಲ್ಲಿ ಭೂಮಿ ಕೊಟ್ಟರು. ಬೇರು ಅಲ್ಲಿದೆ. 1921ರಲ್ಲಿ ಐರ್ಲೆಂಡ್ ಭಾಗವಾದಾಗ ಉತ್ತರದ ಆರು ಕೌಂಟಿಗಳು ಬ್ರಿಟನ್ ಜೊತೆ ಉಳಿದವು. ಅಲ್ಲಿ ಬಹುಮತ ಪ್ರಾಟೆಸ್ಟೆಂಟರದ್ದು. ಸ್ಥಳೀಯ ಚುನಾವಣೆಯಲ್ಲಿ ಮನೆಯ ಯಜಮಾನ ಮತ್ತು ಅವನ ಹೆಂಡತಿಗೆ ಮಾತ್ರ ಓಟು. ಅಪ್ಪನ ಮನೆಯಲ್ಲಿರುವ ದೊಡ್ಡ ಮಗನಿಗೂ ಇಲ್ಲ, ಬಾಡಿಗೆ ಕೋಣೆಯವನಿಗೂ ಇಲ್ಲ. ಅಂದರೆ ಕೌನ್ಸಿಲ್ ಒಂದು ಮನೆ ಕೊಟ್ಟರೆ ಎರಡು ಓಟು ಕೊಟ್ಟ ಹಾಗೆ. ಮನೆ ಹಂಚುವವರು ಯಾರು? ಅದೇ ಕೌನ್ಸಿಲ್.

1968ರಲ್ಲಿ ಕ್ಯಾಲೆಡನ್ ಎಂಬ ಹಳ್ಳಿಯಲ್ಲಿ ಮಕ್ಕಳೊಂದಿಗರಾದ ಕ್ಯಾಥೊಲಿಕ್ ಕುಟುಂಬಗಳು ಕಾಯುತ್ತಿರುವಾಗ, ಮದುವೆಯಾಗದ 19 ವರ್ಷದ ಪ್ರಾಟೆಸ್ಟೆಂಟ್ ಹುಡುಗಿಗೆ ಮನೆ ಕೊಟ್ಟರು. ಸಮಾನ ಹಕ್ಕಿಗಾಗಿ ಕ್ಯಾಥೊಲಿಕ್ಕರ ಚಳವಳಿ ಅಲ್ಲಿಂದ ಜೋರಾಯಿತು.

ಅಶ್ರಫ್ (9:04): ಆಶ್ರಯ ಮನೆ ಪಟ್ಟಿ! ಸರ್, ಇದು ನಮ್ಮ ಪಂಚಾಯ್ತಿ ಕಥೆಯೇ ಆಯಿತಲ್ಲ.

ಪ್ರದೀಪ (9:06): ಸರಿ ಸರ್, ಒಪ್ಪಿದೆ. ಆದರೆ ಗೋಡೆ ಬಂದ ಮೇಲೆ ಗಲಾಟೆ ನಿಂತಿತಲ್ವಾ? ಫಾರ್ವರ್ಡಿನ ಮುಖ್ಯ ಪಾಯಿಂಟ್ ಅದು.

ಲವೀನಾ (9:11): ಅದೇ ಉಲ್ಟಾ ಅಂದದ್ದು. ತಾರೀಕು ನೋಡು. ಮೊದಲ ಗೋಡೆ 1969ರಲ್ಲಿ. ಸೈನ್ಯ ಬಂದು ಮುಳ್ಳುತಂತಿ ಎಳೆಯಿತು. ಆಗಿನ ಸೇನಾಧಿಕಾರಿ ಇದು ತೀರಾ ತಾತ್ಕಾಲಿಕ ಅಂದಿದ್ದ. ನಮ್ಮೂರ ಸೇತುವೆ ಪಕ್ಕದ "ತಾತ್ಕಾಲಿಕ ರಸ್ತೆ" ನೆನಪಿದೆಯಲ್ಲ? ಹಾಗೆ. ಎಲ್ಲಕ್ಕಿಂತ ಹೆಚ್ಚು ಜನ ಸತ್ತದ್ದು 1972ರಲ್ಲಿ. ಆ ಒಂದೇ ವರ್ಷ ನಾನೂರಕ್ಕೂ ಹೆಚ್ಚು. ಗೋಡೆ ಬಂದು ಮೂರು ವರ್ಷ ಆಗಿತ್ತು.

ಶ್ರೀಧರ ಮೇಷ್ಟ್ರು (9:13): ಅದೇ ವರ್ಷ ಜನವರಿ 30ಕ್ಕೆ ಅಲ್ಲಿನ ಡೆರಿ ನಗರದಲ್ಲಿ ಮೆರವಣಿಗೆಯ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು. ಅಂದೇ 13 ಜನ ಸತ್ತರು. ಸರ್ಕಾರ ತಪ್ಪು ಒಪ್ಪಿಕೊಳ್ಳಲು 2010 ಆಯಿತು. ಮೂವತ್ತೆಂಟು ವರ್ಷ.

ಪ್ರದೀಪ (9:17): ನಾನೂ ಹುಡುಕಿ ನೋಡಿದೆ. 2021ರಲ್ಲಿ ಅದೇ ಗೋಡೆಯ ಗೇಟ್ ಹತ್ತಿರ ಬಸ್ಸಿಗೆ ಬೆಂಕಿ ಹಾಕಿದ್ದಾರೆ, ಪೆಟ್ರೋಲ್ ಬಾಂಬ್ ಎಸೆದಿದ್ದಾರೆ. ಅಂದರೆ ಗೋಡೆ ತೆಗೆದರೆ ಏನಾಗುತ್ತದೆ ಅಂತ ನೀನೇ ಹೇಳು.

ಲವೀನಾ (9:22): ಹೌದು, ನಡೆದದ್ದೇ. ಎಸೆದವರಲ್ಲಿ ಎಷ್ಟೋ ಜನ 1998ರ ಶಾಂತಿ ಒಪ್ಪಂದ ಆದಮೇಲೆ ಹುಟ್ಟಿದ ಹುಡುಗರು. ನಿನ್ನ ಮಾತಿನಲ್ಲಿ ಅರ್ಧ ನಿಜ ಇದೆ, ಮುಚ್ಚಿಡುವುದಿಲ್ಲ. 2023ರ ಒಳಗೆ ಎಲ್ಲ ಗೋಡೆ ತೆಗೆಯುತ್ತೇವೆ ಅಂತ 2013ರಲ್ಲಿ ಸರ್ಕಾರ ಹೇಳಿತ್ತು. ಆಗಲಿಲ್ಲ. ಗೋಡೆಗೆ ಅಂಟಿಕೊಂಡ ಮನೆಯವರನ್ನು ಕೇಳಿದರೆ "ಇನ್ನೂ ಸ್ವಲ್ಪ ದಿನ ಇರಲಿ" ಅನ್ನುತ್ತಾರೆ. ಅವರ ಹಿತ್ತಲಿಗೆ ಕಲ್ಲು ಬೀಳುತ್ತದೆ, ನನ್ನದಕ್ಕೆ ಬೀಳುವುದಿಲ್ಲ. ನಾನೇನು ಹೇಳಲಿ?

ಈಗ ಶ್ಯಾಂಕಿಲ್ ಕಡೆ ಹೋದರೆ ಮರದ ಪ್ಯಾಲೆಟ್‌ಗಳನ್ನು ಬೆಟ್ಟದ ಹಾಗೆ ಪೇರಿಸಿದ್ದಾರೆ. ಜುಲೈ 11ರ ರಾತ್ರಿ ಬೆಂಕಿ ಹಾಕುತ್ತಾರೆ, 1690ರಲ್ಲಿ ಪ್ರಾಟೆಸ್ಟೆಂಟ್ ರಾಜ ಗೆದ್ದ ಯುದ್ಧದ ನೆನಪಿಗೆ. ನಮ್ಮ ಕಾಮನ ಹಬ್ಬಕ್ಕೆ ಹುಡುಗರು ಸೌದೆ ಕದಿಯುತ್ತಿದ್ದರಲ್ಲ, ಹಾಗೇ ಕಾವಲು ಕೂತು ಕಾಯುತ್ತಾರೆ. ಚಂದವೇ. ಆದರೆ ಕೆಲವು ಕಡೆ ತುದಿಗೆ ಐರ್ಲೆಂಡ್ ಬಾವುಟ ಕಟ್ಟಿ ಸುಡುತ್ತಾರೆ. ಆಗ ಈ ಕಡೆಯವರ ಹೊಟ್ಟೆ ಉರಿಯುತ್ತದೆ.

ಸುನಿಲ್ (9:24): ಹಾಗಾದರೆ 1998ರ ಒಪ್ಪಂದದಿಂದ ಏನು ಬದಲಾಯಿತು? ನಾವು ಪಿಯು ಮುಗಿಸಿದ ವರ್ಷ ಅಂತ ನೆನಪಿದೆ, ಅಷ್ಟೇ.

ಲವೀನಾ (9:28): ದಿನಾ ಸಾಯುವುದು ನಿಂತಿತು. ಅದು ಸಣ್ಣದಲ್ಲ. ಏಪ್ರಿಲ್ 10, ಗುಡ್ ಫ್ರೈಡೇ ದಿನ ಒಪ್ಪಂದ ಆಯಿತು. ಬ್ರಿಟನ್ ಜೊತೆಗೋ ಐರ್ಲೆಂಡ್ ಜೊತೆಗೋ ಅನ್ನೋದನ್ನು ಅಲ್ಲಿನ ಜನರ ಬಹುಮತಕ್ಕೇ ಬಿಟ್ಟರು. ಅಲ್ಲಿಯವರೆಗೆ ಎರಡೂ ಕಡೆಯವರು ಸೇರಿಯೇ ಸರ್ಕಾರ ನಡೆಸಬೇಕು. ಬೇಕಾದವರು ಬ್ರಿಟಿಷ್ ಪಾಸ್‌ಪೋರ್ಟ್ ಇಟ್ಟುಕೊಳ್ಳಲಿ, ಬೇಕಾದವರು ಐರಿಶ್, ಬೇಕಾದವರು ಎರಡೂ. ಮೇ 22ಕ್ಕೆ ಜನರ ಮುಂದೆ ಇಟ್ಟರು. ಉತ್ತರದಲ್ಲಿ ಶೇ. 71 ಹೌದು ಅಂದರು. ಆಗಸ್ಟಿನಲ್ಲಿ ಒಪ್ಪಂದ ಬೇಡವೆಂದ ಗುಂಪೊಂದು ಓಮಾ ಪಟ್ಟಣದಲ್ಲಿ ಬಾಂಬ್ ಇಟ್ಟಿತು. 29 ಜನ ಹೋದರು. ಆದರೂ ಒಪ್ಪಂದ ಮುರಿಯಲಿಲ್ಲ.

ಶೋಭಾ (9:31): ಒಂದು ವಿಷಯ ಬಿಟ್ಟೆ ನೋಡು. ಒಪ್ಪಂದದ ಪ್ರಕಾರ, ಜೈಲಿನಲ್ಲಿದ್ದ ಎರಡೂ ಕಡೆಯ ನಾನೂರಕ್ಕೂ ಹೆಚ್ಚು ಜನರನ್ನು ಎರಡು ವರ್ಷದಲ್ಲಿ ಬಿಟ್ಟುಬಿಟ್ಟರು. ಕೊಲೆ ಮಾಡಿದವರನ್ನೂ. ವಕೀಲೆಯಾಗಿ ಹೇಳುತ್ತೇನೆ, ಇದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಸುನಿಲ್ (9:34): ಶೋಭಾ, 1987ರಲ್ಲಿ ಎನ್ನಿಸ್ಕಿಲನ್‌ನಲ್ಲಿ ಬಾಂಬ್ ಸಿಡಿದಾಗ ಗೋರ್ಡನ್ ವಿಲ್ಸನ್ ಅನ್ನುವವರ ಮಗಳು ಕಲ್ಲುಮಣ್ಣಿನ ಅಡಿಯಲ್ಲಿ ಅವರ ಕೈ ಹಿಡಿದುಕೊಂಡೇ ಇದ್ದಳು. ಉಳಿಯಲಿಲ್ಲ. ಅವಳೂ ನರ್ಸ್, 20 ವರ್ಷ. ಆ ಅಪ್ಪ ಬಿಬಿಸಿಯಲ್ಲಿ ಕೂತು ನನಗೆ ಯಾರ ಮೇಲೂ ದ್ವೇಷ ಇಲ್ಲ ಅಂದರು. ನಮ್ಮ ಚರ್ಚಿನಲ್ಲಿ ಪಾಸ್ಟರ್ ಇದನ್ನು ಹೇಳುವಾಗ ನಾನು ಎಷ್ಟೋ ಸಲ ಅತ್ತಿದ್ದೇನೆ.

ಶೋಭಾ (9:36): ದೊಡ್ಡ ಮನುಷ್ಯ. ಆದರೆ ಕ್ಷಮಿಸುವ ಹಕ್ಕು ಆ ಅಪ್ಪನದ್ದು. ಸರ್ಕಾರದ್ದಲ್ಲ. ಆ ಕೇಸಿನಲ್ಲಿ ಇವತ್ತಿಗೂ ಒಬ್ಬನಿಗೂ ಶಿಕ್ಷೆ ಆಗಿಲ್ಲ, ಗೊತ್ತಾ?

ಲವೀನಾ (9:42): ಶೋಭಾ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಹೆಸರು ಬೇಡ, ಯಾವ ಕಡೆ ಅನ್ನೋದೂ ಬೇಡ. ಗಂಡನನ್ನು ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದಿದ್ದರು. ಕೊಂದವನು 98ರ ನಂತರ ಹೊರಗೆ ಬಂದ. ಈಕೆ ತರಕಾರಿ ತೆಗೆದುಕೊಳ್ಳುವ ಅಂಗಡಿಗೇ ಬರುತ್ತಾನಂತೆ. "ಟ್ರಾಲಿ ತಿರುಗಿಸಿಕೊಂಡು ಬ್ರೆಡ್ ಸಾಲಿಗೆ ಹೋಗುತ್ತೇನೆ" ಅಂದಳು. ಓಟು ಯಾವುದಕ್ಕೆ ಹಾಕಿದಿರಿ ಅಂತ ಕೇಳಿದೆ. "ಹೌದು ಅಂತಲೇ. ನನ್ನ ಮೊಮ್ಮಗನಿಗೆ ಆಗ ಎರಡು ವರ್ಷ" ಅಂದಳು. ಇವತ್ತು ಕೇಳಿದರೂ ಹಾಕುತ್ತೀರಾ ಅಂದೆ. ಬಿ.ಪಿ. ನೋಡಮ್ಮ, ಸಾಕು ಅಂದಳು.

ಶೋಭಾ (9:44): ಹ್ಮ್.

ಅಶ್ರಫ್ (9:46): ಇಷ್ಟು ರಕ್ತ ಹರಿದ ಮೇಲೆ ಇವರನ್ನೆಲ್ಲ ಮಾತಿಗೆ ಕೂರಿಸಿದವರು ಯಾರು?

ಲವೀನಾ (9:53): ಬಹಳ ಜನ. ಕ್ಯಾಥೊಲಿಕ್ ಕಡೆಯ ನಾಯಕ ಜಾನ್ ಹ್ಯೂಮ್, ಪ್ರಾಟೆಸ್ಟೆಂಟ್ ಕಡೆಯ ಡೇವಿಡ್ ಟ್ರಿಂಬಲ್, ಇಬ್ಬರಿಗೂ ನೊಬೆಲ್ ಬಂತು. ಅಮೆರಿಕದ ಜಾರ್ಜ್ ಮಿಚೆಲ್ ತಾಳ್ಮೆಯಿಂದ ಕೂತು ನಡೆಸಿಕೊಟ್ಟರು. ಆದರೆ ನನಗೆ ಇಷ್ಟ ಫಾದರ್ ಅಲೆಕ್ ರೀಡ್. ನಾನು ಪೂಜೆಗೆ ಹೋಗುವ ಕ್ಲೋನಾರ್ಡ್ ಮಠದಲ್ಲಿದ್ದವರು. ಐರ್ಲೆಂಡ್ ಜೊತೆ ಸೇರಬೇಕೆಂದು ಬಂದೂಕು ಹಿಡಿದ ಗುಂಪು ಐಆರ್‌ಎ. ಅದರ ಕಡೆಯ ರಾಜಕೀಯದವರಿಗೂ ಹ್ಯೂಮ್‌ಗೂ ಮಧ್ಯೆ ಗುಟ್ಟಾಗಿ ಕಾಗದ ತಲುಪಿಸುತ್ತಿದ್ದರು. 1988ರ ಮಾರ್ಚ್‌ನಲ್ಲಿ ಒಂದು ಶವಯಾತ್ರೆಗೆ ಇಬ್ಬರು ಬ್ರಿಟಿಷ್ ಸೈನಿಕರ ಕಾರು ಸಿಕ್ಕಿಬಿತ್ತು. ಎಳೆದು ಹೊಡೆದು ಗುಂಡಿಕ್ಕಿದರು. ಫಾದರ್ ತಡೆಯಲು ನೋಡಿದರು, ಆಗಲಿಲ್ಲ. ನೆಲದಲ್ಲಿ ಮಂಡಿಯೂರಿ ಅವರಿಗೆ ಬಾಯಿಂದ ಉಸಿರು ಕೊಟ್ಟರು, ಕೊನೆಯ ಪ್ರಾರ್ಥನೆ ಹೇಳಿದರು. ಆ ಫೋಟೋದಲ್ಲಿ ಅವರ ತುಟಿಗೆ ರಕ್ತ ಮೆತ್ತಿದೆ. ಆಗಲೂ ಜೇಬಿನಲ್ಲಿ ಹ್ಯೂಮ್‌ಗೆ ಕೊಡಬೇಕಾದ ಕಾಗದ ಇತ್ತು. ಕವರಿಗೆ ರಕ್ತ ಹತ್ತಿತ್ತು. ಕವರ್ ಬದಲಿಸಿದರು, ತೆಗೆದುಕೊಂಡು ಹೋಗಿ ಕೊಟ್ಟರು.

ಸುನಿಲ್ (9:55): ಕವರ್ ಬದಲಿಸಿದರು!

ಶ್ರೀಧರ ಮೇಷ್ಟ್ರು (9:57): 2005ರಲ್ಲಿ ಐಆರ್‌ಎ ಆಯುಧಗಳನ್ನು ನಾಶ ಮಾಡಿದಾಗ ಸಾಕ್ಷಿಗೆ ನಿಂತವರಲ್ಲಿ ಇದೇ ರೀಡ್ ಒಬ್ಬರು. ಪಕ್ಕದಲ್ಲಿ ಮೆಥಡಿಸ್ಟ್ ಪಾದ್ರಿ ಹೆರಾಲ್ಡ್ ಗುಡ್. ಒಬ್ಬರ ಮಾತು ಒಂದು ಕಡೆ ನಂಬುತ್ತದೆ, ಇನ್ನೊಬ್ಬರದ್ದು ಇನ್ನೊಂದು ಕಡೆ.

ಪ್ರದೀಪ (9:59): ಪಾದ್ರಿಗಳನ್ನು ಜಾಸ್ತಿ ಹೊಗಳಬೇಡಿ. ಇಯಾನ್ ಪೈಸ್ಲಿ ಯಾರು? ಅವನೂ ಪಾದ್ರಿಯೇ ಅಂತ ಇಲ್ಲಿ ಇದೆ.

ಲವೀನಾ (10:03): ಸರಿಯಾಗಿ ಹಿಡಿದೆ. 1988ರಲ್ಲಿ ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಪೋಪ್ ಮಾತಾಡುವಾಗ ಎದ್ದು ನಿಂತು ಕೂಗಿದ ಪ್ರಾಟೆಸ್ಟೆಂಟ್ ನಾಯಕ. 98ರ ಒಪ್ಪಂದಕ್ಕೂ ಬೇಡ ಅಂದವರು. ಅವರೇ 2007ರಲ್ಲಿ ಐಆರ್‌ಎ ಕಮಾಂಡರ್ ಆಗಿದ್ದ ಮಾರ್ಟಿನ್ ಮೆಕ್‌ಗಿನ್ನೆಸ್ ಜೊತೆ ಸರ್ಕಾರ ನಡೆಸಿದರು. ಇಬ್ಬರೂ ಎಷ್ಟು ನಗುತ್ತಿದ್ದರು ಅಂದರೆ ಪೇಪರಿನವರು ನಗೆಯ ಅಣ್ಣತಮ್ಮ ಅಂತ ಹೆಸರಿಟ್ಟರು. ಇಲ್ಲಿನವರಿಗೆ ಅದನ್ನು ನೋಡಿ ಖುಷಿಯೂ ಆಯಿತು, ಸಿಟ್ಟೂ ಬಂತು. ಇಷ್ಟು ನಗುವುದಿದ್ದರೆ ಮೊದಲೇ ನಗಬಾರದಿತ್ತಾ ಅಂತ.

ಅಶ್ರಫ್ (10:04): ಇದೊಂದು ಮಾತು ಫ್ರೇಮ್ ಹಾಕಿಸಬೇಕು.

ಸುನಿಲ್ (10:06): ನಿನ್ನ ಮಗ ಯಾವ ಶಾಲೆ ಲವೀನಾ? ಅಲ್ಲೂ ಬೇರೆ ಬೇರೆಯಾ?

ಲವೀನಾ (10:09): ಹೆಚ್ಚಿನ ಮಕ್ಕಳು ಇವತ್ತಿಗೂ ಬೇರೆ ಬೇರೆ ಶಾಲೆಗೇ ಹೋಗುತ್ತಾರೆ. ಸೇರಿ ಓದುವ ಶಾಲೆಗಳಿವೆ, ಆದರೆ ಹತ್ತರಲ್ಲಿ ಒಂದು ಮಗುವೂ ಅಲ್ಲಿಲ್ಲ. ಮೊದಲನೆಯದು 1981ರಲ್ಲಿ ಅಪ್ಪ ಅಮ್ಮಂದಿರೇ ಸೇರಿ 28 ಮಕ್ಕಳಿಂದ ಶುರು ಮಾಡಿದ್ದು. ನನ್ನವನು ಅಂಥದ್ದೇ ಒಂದು ಶಾಲೆಯಲ್ಲಿದ್ದಾನೆ. ಮನೆಯಲ್ಲಿ ಹೆಚ್ ಅನ್ನುತ್ತಾನೆ, ಫುಟ್‌ಬಾಲ್ ಟೀಮಿನಲ್ಲಿ ಎಚ್ ಅನ್ನುತ್ತಾನೆ. ಯಾರು ಕಲಿಸಿದರೋ ಗೊತ್ತಿಲ್ಲ.

ಪ್ರದೀಪ (10:13): ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ಹೇಳಿಬಿಡುತ್ತೇನೆ. ಕಲ್ಲು ಬೀಳುವ ಮನೆಯವನಿಗೆ ಗೋಡೆ ಬೇಕೇ ಬೇಕು. ಆದರೆ "ಗೋಡೆ ಕಟ್ಟಿದ ಮೇಲೇ ಶಾಂತಿ" ಅನ್ನುವುದು ತಪ್ಪು. ಅದನ್ನು ಕಳಿಸಿದ ಭಾವನಿಗೆ 1972ರ ಲೆಕ್ಕ ಹಾಕಿದ್ದೇನೆ. ಓದಿದ್ದಾನೆ, ಉತ್ತರ ಇಲ್ಲ.

ಶೋಭಾ (10:14): ಭಾವನ ಜೊತೆ ನೀನೇ ಒಂದು ಒಪ್ಪಂದ ಮಾಡಿಕೋ.

ಪ್ರದೀಪ (10:15): ಲವೀನಾ, ಆ ಗೇಟಿನ ಕೀ ಯಾರ ಹತ್ತಿರ ಇರುತ್ತದೆ? ಆ ಕಡೆಯವರ ಹತ್ತಿರವಾ, ಈ ಕಡೆಯವರ ಹತ್ತಿರವಾ?

ಲವೀನಾ (10:17): ಇಬ್ಬರ ಹತ್ತಿರವೂ ಇಲ್ಲ ಮಾರಾಯ. ನ್ಯಾಯ ಇಲಾಖೆಯದು. ಸಂಜೆ ಮುಚ್ಚಿಸುತ್ತಾರೆ, ಬೆಳಿಗ್ಗೆ ತೆಗೆಸುತ್ತಾರೆ.

ಪ್ರದೀಪ (10:17): ಈಗ?

ಲವೀನಾ (10:18): ಈಗ ಇಲ್ಲಿ ಆರಕ್ಕೆ ಹತ್ತಿರ. ಇನ್ನೂ ತೆಗೆದಿರಬೇಕು. ಮಗನ ಪ್ರಾಕ್ಟೀಸ್ ಆ ಕಡೆ. ಮುಚ್ಚಿದರೆ ಊರೆಲ್ಲ ಸುತ್ತಿ ಬರಬೇಕು. ಹೊರಟೆ.