ಜುಲೈ ಬಂದರೆ ನಮ್ಮ ಫ್ಯಾಂಟಸಿ ಬೇಸ್‌ಬಾಲ್ ಲೀಗ್ ಮಲಗಿಬಿಡುತ್ತದೆ. ನೀವು ಯಾವ ಪದ್ಧತಿಯಲ್ಲಿ ಆಡುತ್ತಿದ್ದೀರಿ?

ಎಡಿಸನ್ ಕನ್ನಡಿಗ

ನಮ್ಮದು 10 ಜನರ ಲೀಗ್. ನಿಜವಾದ ಬೇಸ್‌ಬಾಲ್ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟುತ್ತೇವೆ, ಅವರ ಆಟದ ಲೆಕ್ಕವೇ ನಮ್ಮ ಅಂಕ. ಎಲ್ಲರೂ ನ್ಯೂಜೆರ್ಸಿಯ ಕನ್ನಡದವರೇ. ಆರು ವರ್ಷದಿಂದ ಹೆಡ್ ಟು ಹೆಡ್ ಕ್ಯಾಟಗರಿ (ವಾರಕ್ಕೊಬ್ಬ ಎದುರಾಳಿ, ಹೋಮ್ ರನ್ನಂಥ ಒಂದೊಂದು ವಿಭಾಗದಲ್ಲೂ ಗೆಲುವು ಸೋಲು), ಸ್ನೇಕ್ ಡ್ರಾಫ್ಟ್ (ಸರದಿಯಲ್ಲಿ ಆಟಗಾರರನ್ನು ಆರಿಸುವುದು, ಪ್ರತಿ ಸುತ್ತಿಗೂ ಸರದಿ ತಿರುಗುಮುರುಗು), ದಿನಾ ಲೈನಪ್ (ಯಾರನ್ನು ಆಡಿಸಬೇಕು ಅನ್ನುವ ಪಟ್ಟಿ). ಜುಲೈ ಮಧ್ಯದ ಆಲ್ ಸ್ಟಾರ್ ಬ್ರೇಕ್ ಮುಗಿಯುವಷ್ಟರಲ್ಲಿ ಕೆಳಗಿನ ನಾಲ್ಕು ಜನ ತಂಡದ ಕಡೆ ತಿರುಗಿಯೂ ನೋಡುವುದಿಲ್ಲ. ಕಳೆದ ಸಲ ಒಬ್ಬರ ತಂಡದಲ್ಲಿ ಗಾಯಗೊಂಡ ಐದು ಜನ ಆಗಸ್ಟ್ ಪೂರ್ತಿ ಲೈನಪ್‌ನಲ್ಲೇ ಇದ್ದರು. ಅವರ ಎದುರು ಬಿದ್ದವರಿಗೆ ಪುಕ್ಕಟೆ ಗೆಲುವು. ಅದರಿಂದಲೇ ಒಬ್ಬರಿಗೆ ಪ್ಲೇಆಫ್ ತಪ್ಪಿತು, ಈಗ ಅವರು ಮಾತೇ ಆಡುತ್ತಿಲ್ಲ. ತಲೆಗೆ 100 ಡಾಲರ್ ಹಾಕುತ್ತೇವೆ. ಜನ ಬದಲಿಸುವ ಹಾಗಿಲ್ಲ, ಎಲ್ಲರೂ ಸ್ನೇಹಿತರು. ಆಟದ ಪದ್ಧತಿ ಬದಲಿಸಿ ನೋಡೋಣ ಅಂತ. ನಿಮ್ಮ ಅನುಭವ ಹೇಳಿ.

ಫ್ರೀಮಾಂಟ್ ರೋಟೋ

ರೋಟೋ ಆಡಿ ಸರ್. ವಾರದ ಎದುರಾಳಿ ಇಲ್ಲ, ಒಂದೊಂದು ವಿಭಾಗದಲ್ಲೂ ಸೀಸನ್ ಕೊನೆಗೆ ಎಷ್ಟನೇ ಸ್ಥಾನವೋ ಅದಕ್ಕೆ ಪಾಯಿಂಟ್. 1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ನ್ಯೂಯಾರ್ಕ್‌ನಲ್ಲಿ ಈ ಆಟ ಶುರು ಮಾಡಿದ್ದೇ ಹಾಗೆ. ಇಡೀ ಸೀಸನ್‌ನ ಒಟ್ಟು ಲೆಕ್ಕ. ಹರಾಜಿಗೆ ಆಟದ ಹಣ 260 ಡಾಲರ್, 23 ಆಟಗಾರರು ಅನ್ನುವುದು ಆಮೇಲೆ ರೂಢಿಯಾಯಿತು.

ನಾನೂ ಹೆಡ್ ಟು ಹೆಡ್ ಆಡಿದವನೇ. 2015ರಲ್ಲಿ 21 ವಾರ ಮೊದಲ ಸ್ಥಾನದಲ್ಲಿದ್ದೆ. ಸೆಮಿಫೈನಲ್‌ನಲ್ಲಿ ಭಾನುವಾರ ರಾತ್ರಿಯ ಕೊನೇ ಪಂದ್ಯ, ನನ್ನ ಪಿಚರ್ (ಚೆಂಡು ಎಸೆಯುವವ) ಒಂದು ಇನ್ನಿಂಗ್ಸ್‌ನಲ್ಲಿ ಮೂರು ರನ್ ಕೊಟ್ಟ. ಇಆರ್‌ಎ (ಪಿಚರ್ ಒಂಬತ್ತು ಇನ್ನಿಂಗ್ಸ್‌ಗೆ ಕೊಡುವ ರನ್ ಸರಾಸರಿ) 0.02ರಲ್ಲಿ ಹೋಯಿತು. 21 ವಾರದ ಕೆಲಸ ಒಂದು ಇನ್ನಿಂಗ್ಸ್‌ನಲ್ಲಿ ಮಣ್ಣುಪಾಲು. ಅಂದೇ ಬಿಟ್ಟೆ.

ರೋಟೋದಲ್ಲೂ ಏಟು ತಿಂದಿದ್ದೇನೆ, ಮುಚ್ಚಿಡುವುದಿಲ್ಲ. 2023ರಲ್ಲಿ ಬೇಸ್‌ಗಳನ್ನು 15 ಇಂಚಿನಿಂದ 18ಕ್ಕೆ ದೊಡ್ಡದು ಮಾಡಿದರು, ಪಿಚರ್‌ಗಳು ರನ್ನರ್ ಕಡೆ ಎಸೆಯುವುದಕ್ಕೂ ಮಿತಿ ಬಂತು. 2022ರಲ್ಲಿ 2,486 ಇದ್ದ ಸ್ಟೀಲ್‌ಗಳು (ರನ್ನರ್ ಕದ್ದು ಮುಂದಿನ ಬೇಸ್‌ಗೆ ಓಡುವುದು) ಒಂದೇ ವರ್ಷದಲ್ಲಿ 3,503 ಆದವು. ನಾನು ಹಳೇ ಲೆಕ್ಕ ಹಿಡಿದು ಡ್ರಾಫ್ಟ್ ಮಾಡಿದ್ದೆ. 120 ಸ್ಟೀಲ್ ಆದರೆ ಮಧ್ಯದಲ್ಲಿರುತ್ತೇನೆ ಅಂದುಕೊಂಡಿದ್ದೆ, ಕೊನೆಯಿಂದ ಎರಡನೆಯವನಾದೆ. ಅರ್ಧ ಪಾಯಿಂಟ್‌ನಲ್ಲಿ ಎರಡನೇ ಸ್ಥಾನ. ಇನ್ನು ಒಂದೇ ಒಂದು ಸ್ಟೀಲ್ ಸಿಕ್ಕಿದ್ದರೆ ಸಮ ಆಗುತ್ತಿತ್ತು. ಮೊದಲನೆಯವನಿಗೆ 700, ನನಗೆ 250. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದರೆ ಅದು ನನ್ನ ತಪ್ಪು, ಪದ್ಧತಿಯದ್ದಲ್ಲ.

ಅಟ್ಲಾಂಟಾ ಕೀಪರ್

ರೋಟೋದಲ್ಲಿ ಕೆಳಗಿರುವವನು ಮೇ ತಿಂಗಳಿಗೇ ಮಲಗುತ್ತಾನೆ. ಅವರ ಸಮಸ್ಯೆಯೇ ಅದು ಅಲ್ವಾ? ಹರಾಜು, ಜೊತೆಗೆ ಕೀಪರ್, ಅಂದರೆ ಕೆಲವು ಆಟಗಾರರನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳುವುದು. ಸೋತವನಿಗೂ ಮುಂದಿನ ವರ್ಷದ ಆಸೆ ಇರಬೇಕು.

ನನ್ನ 2024 ಕೇಳಿ. ರೊನಾಲ್ಡ್ ಅಕುನ್ಯಾ ಹಿಂದಿನ ವರ್ಷ 41 ಹೋಮ್ ರನ್, 73 ಸ್ಟೀಲ್ ಮಾಡಿದ್ದ. 55 ಡಾಲರ್ ಕೊಟ್ಟೆ. ಪಿಚರ್ ಸ್ಪೆನ್ಸರ್ ಸ್ಟ್ರೈಡರ್ 281 ಸ್ಟ್ರೈಕ್‌ಔಟ್ ಮಾಡಿದ್ದ. 38 ಕೊಟ್ಟೆ. 260ರಲ್ಲಿ 93 ಇಬ್ಬರಿಗೇ ಹೋಯಿತು, ಉಳಿದ 21 ಜನರನ್ನು 167ರಲ್ಲಿ ತುಂಬಿಸಿದೆ. ಸ್ಟ್ರೈಡರ್ ಎರಡೇ ಪಂದ್ಯ ಆಡಿ ಮೊಣಕೈ ಆಪರೇಷನ್‌ಗೆ ಹೋದ. ಮೇ 26ಕ್ಕೆ ಪಿಟ್ಸ್‌ಬರ್ಗ್‌ನಲ್ಲಿ ಮೊದಲ ಇನ್ನಿಂಗ್ಸ್‌ನಲ್ಲೇ ಅಕುನ್ಯಾ ಮೊಣಕಾಲು ಹಿಡಿದು ಕುಳಿತ. 49 ಪಂದ್ಯಕ್ಕೆ ಅವನ ವರ್ಷ ಮುಗಿಯಿತು. ನಾನು ಆಗ ಮಗಳ ಈಜು ಕ್ಲಾಸಿನ ಹೊರಗೆ ಕಾರಿನಲ್ಲಿದ್ದೆ. ಕಾರ್ ಆಫ್ ಮಾಡಿ ಹಾಗೇ ಕೂತುಬಿಟ್ಟೆ.

ಬೇರೆ ಲೀಗ್ ಆಗಿದ್ದರೆ ನಾನೂ ಮಲಗುತ್ತಿದ್ದೆ. ಕೀಪರ್ ಇದ್ದಿದ್ದಕ್ಕೆ ಜುಲೈನಲ್ಲಿ ನನ್ನ ಇಬ್ಬರು ಕ್ಲೋಸರ್ (ಪಂದ್ಯದ ಕೊನೆಗೆ ಬರುವ ಪಿಚರ್) ಮತ್ತು ಒಬ್ಬ ಔಟ್‌ಫೀಲ್ಡರ್‌ನನ್ನು ಮೊದಲ ಸ್ಥಾನದವನಿಗೆ ಕೊಟ್ಟು ಹೊಸ ಪಿಚರ್ ಪಾಲ್ ಸ್ಕೀನ್ಸ್‌ನನ್ನು ತಂದೆ. ಅವನನ್ನು ಮಾರ್ಚ್‌ನಲ್ಲಿ 3 ಡಾಲರ್‌ಗೆ ಕೊಂಡಿದ್ದರು, ಆಗ ಇನ್ನೂ ಮೈನರ್ಸ್‌ನಲ್ಲಿದ್ದ (ಮೇಜರ್ ಲೀಗ್‌ನ ಕೆಳಗಿನ ಹಂತ). ನಮ್ಮಲ್ಲಿ ವರ್ಷಕ್ಕೆ 5 ಡಾಲರ್ ಏರುತ್ತದೆ, ಮೂರು ವರ್ಷ ಇಟ್ಟುಕೊಳ್ಳಬಹುದು. ಅಂದರೆ 2025ರಲ್ಲಿ 8ಕ್ಕೆ ಸ್ಕೀನ್ಸ್!

ಒಂದು ಎಚ್ಚರ. ಕೀಪರ್ ಇದ್ದರೆ ಹರಾಜಿನಲ್ಲಿ ಬೆಲೆ ಉಬ್ಬುತ್ತದೆ. 10 ತಂಡಕ್ಕೆ ಒಟ್ಟು 2,600 ಡಾಲರ್. ನಮ್ಮಲ್ಲಿ 900 ಬೆಲೆಬಾಳುವ ಆಟಗಾರರನ್ನು 400ಕ್ಕೆ ಇಟ್ಟುಕೊಂಡಿದ್ದರು. ಉಳಿದ 2,200 ಹಣ 1,700ರ ಸರಕಿನ ಹಿಂದೆ ಓಡುತ್ತದೆ. 40ರ ಆಟಗಾರ 52ಕ್ಕೆ ಹೋಗುತ್ತಾನೆ. ಈ ಲೆಕ್ಕ ಹಾಕದೆ ಮೊದಲ ವರ್ಷ 61 ಡಾಲರ್ ಖರ್ಚು ಮಾಡದೆ ಉಳಿಸಿಕೊಂಡು ಎದ್ದು ಬಂದೆ. ಉಳಿದ ಹಣದಿಂದ ಒಂದು ಹೋಮ್ ರನ್ನೂ ಬರುವುದಿಲ್ಲ.

ಕ್ವೀನ್ಸ್ ನ್ಯಾಷನಲ್

ನಮ್ಮದು ನ್ಯಾಷನಲ್ ಲೀಗ್ ಮಾತ್ರ. ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಅದೊಂದು, ಇನ್ನೊಂದು ಅಮೆರಿಕನ್ ಲೀಗ್. 15 ತಂಡಗಳ ಆಟಗಾರರನ್ನು ಮಾತ್ರ ತೆಗೆದುಕೊಳ್ಳಬೇಕು. ಬೆಂಚ್ ಮೇಲೆ ಕೂರುವ ಕ್ಯಾಚರ್‌ನ ಹೆಸರೂ ಗೊತ್ತಿರಬೇಕು. ಇದರಲ್ಲಿ ಯಾರೂ ಮಲಗಿಲ್ಲ. ವೇವರ್‌ನಲ್ಲಿ (ಯಾರ ತಂಡದಲ್ಲೂ ಇಲ್ಲದವರ ಪಟ್ಟಿ) ಆಡುವವನೊಬ್ಬ ಸಿಕ್ಕರೆ ಹಬ್ಬ.

ಆದರೆ 2023 ನನ್ನನ್ನು ಕೊಂದಿತು. ನ್ಯೂಯಾರ್ಕ್ ಮೆಟ್ಸ್ ತಂಡದ ಅಭಿಮಾನಿ ನಾನು. ಅವರ ಪಿಚರ್‌ಗಳಾದ ಷರ್ಜರ್‌ಗೆ 31, ವರ್ಲ್ಯಾಂಡರ್‌ಗೆ 27 ಕೊಟ್ಟಿದ್ದೆ. ಜುಲೈ ಕೊನೆಯಲ್ಲಿ ಷರ್ಜರ್‌ನನ್ನು ಟೆಕ್ಸಸ್‌ಗೆ ಕಳಿಸಿದರು. ಆಗಸ್ಟ್ 1ಕ್ಕೆ ವರ್ಲ್ಯಾಂಡರ್ ಹ್ಯೂಸ್ಟನ್‌ಗೆ. ಇಬ್ಬರೂ ಅಮೆರಿಕನ್ ಲೀಗ್. ನಮ್ಮ ನಿಯಮದಲ್ಲಿ ಆ ಕಡೆ ದಾಟಿದವನ ಅಂಕ ಅಲ್ಲಿಗೇ ನಿಲ್ಲುತ್ತದೆ. ನಾಲ್ಕು ದಿನದಲ್ಲಿ 58 ಡಾಲರ್‌ನ ಪಿಚಿಂಗ್ ಇಲ್ಲ. ಆ ಕಡೆಯಿಂದ ಈ ಕಡೆ ಬಂದವರಲ್ಲಿ ನನ್ನ ಕೈಗೆ ಸಿಕ್ಕಿದ್ದು ಲಾನ್ಸ್ ಲಿನ್. ಸೀಸನ್ ನಡುವೆ ಕೊಳ್ಳಲು ಇದ್ದ ಬಿಡ್ಡಿಂಗ್‌ನ 100ರಲ್ಲಿ 64 ಸುರಿದೆ. ಡಾಡ್ಜರ್ಸ್‌ಗೆ 7 ಪಂದ್ಯ ಗೆದ್ದ, ನಿಜ. ಆದರೆ ಆ ವರ್ಷ ಒಟ್ಟು 44 ಹೋಮ್ ರನ್ ಕೊಟ್ಟವನು ಅವನು. ನನ್ನ ಇಆರ್‌ಎ ಮೂರು ಸ್ಥಾನ ಕೆಳಗೆ ಬಿತ್ತು.

ಅಟ್ಲಾಂಟಾದವರೇ, ಒಂದು ಮಾತು. ಜುಲೈನಲ್ಲಿ ಮೂವರನ್ನು ಮೊದಲ ಸ್ಥಾನದವನಿಗೆ ಸುರಿದಿರಲ್ಲ, ಎರಡನೇ ಸ್ಥಾನದಲ್ಲಿದ್ದವನ ಗತಿ ಏನು? ಅವನೂ ದುಡ್ಡು ಕಟ್ಟಿದ್ದಾನೆ. ನಮ್ಮಲ್ಲಿ ಇದಕ್ಕೇ ಒಂದು ಲೀಗ್ ಒಡೆಯಿತು. ಲೀಗ್ ನಡೆಸುವ ಕಮಿಷನರ್ ತನ್ನ ಭಾವಮೈದುನನಿಗೆ ಮೂವರು ಕೀಪರ್ ಕೊಟ್ಟು ಟ್ರೋಫಿ ಎತ್ತಿದ.

ಅಟ್ಲಾಂಟಾ ಕೀಪರ್

ಭಾವಮೈದುನನ ಕಥೆಯನ್ನು ನನಗೆ ಅಂಟಿಸಬೇಡಿ. ಎರಡನೇ ಸ್ಥಾನದವನಿಗೂ ಫೋನ್ ಮಾಡಿದ್ದೆ. ಅವನ ಹತ್ತಿರ 10 ಡಾಲರ್ ಒಳಗಿನ ಒಬ್ಬ ಹುಡುಗನೂ ಇರಲಿಲ್ಲ. ಮಾರ್ಚ್‌ನಲ್ಲಿ ದೊಡ್ಡ ಹೆಸರಿನ ಹಿಂದೆ ಓಡಿದವನು ಜುಲೈನಲ್ಲಿ ಅತ್ತರೆ ನಾನೇನು ಮಾಡಲಿ?

ಹ್ಯೂಸ್ಟನ್ ನೈಟ್ ಶಿಫ್ಟ್

ಇಲ್ಲಿ ಎಲ್ಲರೂ ದಿನಾ ಎರಡು ಗಂಟೆ ಬಿಡುವಿರುವವರ ಹಾಗೆ ಮಾತಾಡುತ್ತಿದ್ದಾರೆ. ನಾನು ಐಸಿಯು ನರ್ಸ್. ರಾತ್ರಿ 7ರಿಂದ ಬೆಳಗ್ಗೆ 7. ಪಂದ್ಯ ನಡೆಯುವಾಗ ಫೋನ್ ಲಾಕರ್‌ನಲ್ಲಿರುತ್ತದೆ. ದಿನಾ ಲೈನಪ್ ಲೀಗ್‌ನಲ್ಲಿ ಎರಡು ವರ್ಷ ‘ಸತ್ತ ತಂಡ’ ಅಂತ ಅನ್ನಿಸಿಕೊಂಡೆ. ನಾನು ಆಸಕ್ತಿ ಕಳೆದುಕೊಂಡಿರಲಿಲ್ಲ. ಕೆಲಸದಲ್ಲಿದ್ದೆ.

ಈಗ ಬೆಸ್ಟ್ ಬಾಲ್. 12 ತಂಡ, 50 ಸುತ್ತು, ವೇವರ್ ಇಲ್ಲ, ಟ್ರೇಡ್ ಇಲ್ಲ, ಲೈನಪ್ ಇಲ್ಲ. ಚೆನ್ನಾಗಿ ಆಡಿದವರ ಅಂಕ ತಾನೇ ಸೇರಿಕೊಳ್ಳುತ್ತದೆ. ಒಂದು ಸರದಿಗೆ ನಾಲ್ಕು ಗಂಟೆ. ಫೆಬ್ರವರಿ 9ಕ್ಕೆ ಶುರುವಾದ ಡ್ರಾಫ್ಟ್ ಮಾರ್ಚ್ 6ಕ್ಕೆ ಮುಗಿಯಿತು. ಮೇಜರ್ ಲೀಗ್‌ನ 30 ತಂಡಗಳಲ್ಲಿ 26ರಂತೆ 780 ಜಾಗ, ನಾವು ತೆಗೆದುಕೊಂಡಿದ್ದು 600 ಜನ. 45ನೇ ಸುತ್ತಿನಲ್ಲಿ ಮಧ್ಯಾಹ್ನದ ನಿದ್ದೆ ಬಿಟ್ಟು ಐದನೇ ಸ್ಟಾರ್ಟರ್‌ಗಳನ್ನು (ಪಂದ್ಯ ಶುರು ಮಾಡುವ ಪಿಚರ್‌ಗಳಲ್ಲಿ ಐದನೆಯವನು) ಹುಡುಕಿದ್ದೇನೆ. ಮನಸ್ಸು ತುಂಬಿತ್ತು.

ಏಟು ಬಿದ್ದಿದ್ದು ಕ್ಯಾಚರ್‌ನಲ್ಲಿ. ಇಬ್ಬರನ್ನೇ ತೆಗೆದುಕೊಂಡಿದ್ದೆ. ಒಬ್ಬನಿಗೆ ಮೇನಲ್ಲಿ ಹೆಬ್ಬೆರಳು, ಇನ್ನೊಬ್ಬನಿಗೆ ಜೂನ್‌ನಲ್ಲಿ ಸೊಂಟ. 11 ವಾರ ಆ ಜಾಗದಲ್ಲಿ ಸೊನ್ನೆ. ಮೂರನೇ ಸ್ಥಾನಕ್ಕೆ 38 ಅಂಕ ಕಡಿಮೆ ಬಿತ್ತು. ಈಗ ನಾಲ್ಕು ಕ್ಯಾಚರ್ ಇಲ್ಲದೆ ನಾನು ಡ್ರಾಫ್ಟ್ ಮುಗಿಸುವುದಿಲ್ಲ.

ಫ್ರೀಮಾಂಟ್ ರೋಟೋ

ಮೇಡಂ, ಬೇಸರ ಮಾಡಿಕೊಳ್ಳಬೇಡಿ. ಮಾರ್ಚ್‌ನಲ್ಲಿ ಡ್ರಾಫ್ಟ್ ಮಾಡಿ ಸೆಪ್ಟೆಂಬರ್‌ನಲ್ಲಿ ಫಲಿತಾಂಶ ನೋಡುವುದನ್ನು ಲೀಗ್ ನಡೆಸುವುದು ಅನ್ನಲಾಗದು.

ಹ್ಯೂಸ್ಟನ್ ನೈಟ್ ಶಿಫ್ಟ್

ಬೇಸರ ಆಯಿತು ಸರ್. ಇಬ್ಬರು ಪೇಷಂಟ್ ನೋಡಿಕೊಂಡು 50 ಸುತ್ತು ಡ್ರಾಫ್ಟ್ ಮಾಡಿ ನೋಡಿ, ಆಮೇಲೆ ಮಾತಾಡೋಣ.

ಜಯನಗರಕ್ಕೆ ವಾಪಸ್

ನಾನು ಡಲ್ಲಾಸ್‌ನಿಂದ ಬೆಂಗಳೂರಿಗೆ ವಾಪಸ್ ಬಂದವನು. ನಿಮ್ಮ ನ್ಯೂಜೆರ್ಸಿಯ ಸಂಜೆ 7ರ ಪಂದ್ಯ ಇಲ್ಲಿ ಬೆಳಗಿನ ಜಾವ 4:30. ಮಧ್ಯಾಹ್ನ 1ರ ಪಂದ್ಯ ರಾತ್ರಿ 10:30. ಒಂದು ವರ್ಷ 4:15ಕ್ಕೆ ಅಲಾರಾಂ ಇಟ್ಟು ಲೈನಪ್ ಹಾಕಿದೆ. ಹೆಂಡತಿಯ ನಿದ್ದೆ ಹಾಳು, ನನ್ನ ಬಿಪಿ ಜಾಸ್ತಿ. ಜೂನ್‌ನಲ್ಲಿ ಡಾಕ್ಟರ್ ನಿದ್ದೆ ಎಷ್ಟು ಅಂತ ಕೇಳಿದರು, ನಿಜ ಹೇಳಲಾಗಲಿಲ್ಲ.

ಈಗ ಪಾಯಿಂಟ್ಸ್ ಲೀಗ್ (ಆಟಗಾರ ಮಾಡಿದ ಒಂದೊಂದಕ್ಕೂ ಇಷ್ಟು ಪಾಯಿಂಟ್), ವಾರಕ್ಕೊಮ್ಮೆ ಲೈನಪ್. ಸೋಮವಾರ ರಾತ್ರಿ ಊಟ ಮಾಡಿ ಹಾಕಿದರೆ ಮುಗಿಯಿತು. ಎಲ್ಲ 12 ಜನ ಸೆಪ್ಟೆಂಬರ್‌ವರೆಗೆ ಆಡಿದ್ದಾರೆ.

ಒಂದೇ ನೋವು. 2025ರಲ್ಲಿ ಡಾಡ್ಜರ್ಸ್ ಮತ್ತು ಕಬ್ಸ್ ಟೋಕಿಯೋದಲ್ಲಿ ಮಾರ್ಚ್ 18, 19ಕ್ಕೆ ಆಡಿದವು. ಇಲ್ಲಿ ಮಧ್ಯಾಹ್ನ 3:40. ನನ್ನ ಜೀವನದಲ್ಲಿ ಹಗಲು ಹೊತ್ತಿನಲ್ಲಿ ನೋಡಿದ ಓಪನಿಂಗ್ ಅದೊಂದೇ. ನಮ್ಮ ಡ್ರಾಫ್ಟ್ 22ಕ್ಕೆ ಇತ್ತು. ಟೋಕಿಯೋ ಅಂಕ ಸೇರಿಸುವುದಿಲ್ಲ ಅಂದಿದ್ದ ಕಮಿಷನರ್ ಡ್ರಾಫ್ಟ್ ಆದ ಮೇಲೆ ಸೇರಿಸಿದ. ಯಮಾಮೊಟೊನ 5 ಇನ್ನಿಂಗ್ಸ್, ಗೆಲುವು, ಓಟಾನಿಯ ಹೋಮ್ ರನ್ ಎಲ್ಲ ಎದುರಾಳಿಯ ಖಾತೆಗೆ. 9 ಪಾಯಿಂಟ್‌ನಲ್ಲಿ ಮೊದಲ ವಾರ ಸೋತೆ.

ಫ್ರೀಮಾಂಟ್ ರೋಟೋ

ಪಾಯಿಂಟ್ಸ್‌ನಲ್ಲಿ ವಾರಕ್ಕೆ ಎರಡು ಸಲ ಎಸೆಯುವ ಸಾಧಾರಣ ಪಿಚರ್ ಒಂದು ಸಲ ಎಸೆಯುವ ದಿಗ್ಗಜನನ್ನು ಸೋಲಿಸುತ್ತಾನೆ. ಬೇಸ್‌ಬಾಲ್ ಗೊತ್ತಿರುವವರು ಅದನ್ನು ಆಡುವುದಿಲ್ಲ. ಟೋಕಿಯೋ ವಿಷಯ ಕೂಡ ಅಷ್ಟೇ, 17ರೊಳಗೆ ಡ್ರಾಫ್ಟ್ ಮುಗಿಸಬೇಕಿತ್ತು.

ಜಯನಗರಕ್ಕೆ ವಾಪಸ್

ಬೇಸ್‌ಬಾಲ್ ಗೊತ್ತಿರುವವರು ಅಂದರೆ ಯಾರು? 2023ರಲ್ಲಿ ಸ್ಟೀಲ್ ಏರುತ್ತದೆ ಅಂತ ಫೆಬ್ರವರಿಯಲ್ಲೇ ಎಲ್ಲರೂ ಹೇಳುತ್ತಿದ್ದರು. ಹಳೇ ಲೆಕ್ಕ ಹಿಡಿದು ಕೂತವರು ನೀವು. ಮೊದಲು ನರ್ಸ್ ಮೇಡಂಗೆ ಹೇಳಿದಿರಿ, ಈಗ ನನಗೆ. ಎರಡು ಸಲ ಎಸೆಯುವವರನ್ನು ವಾರಕ್ಕೆ ಇಷ್ಟೇ ಅಂತ ಮಿತಿ ಹಾಕಿದರೆ ಆಯಿತು. ನಾವು ವಾರಕ್ಕೆ 8 ಸ್ಟಾರ್ಟ್ ಇಟ್ಟಿದ್ದೇವೆ. ಆಡಿ ನೋಡದೆ ಮಾತಾಡಬೇಡಿ.

ಮಿನಿಯಾಪೊಲಿಸ್ ಒಟೊನ್ಯೂ

ಜಗಳ ಒಂದು ಕಡೆ ಇಡಿ. ವರ್ಷಪೂರ್ತಿ ನಡೆಯುವ ಒಟೊನ್ಯೂ ಪದ್ಧತಿ ಯಾರೂ ಹೇಳಲೇ ಇಲ್ಲ. 12 ತಂಡ, ತಂಡಕ್ಕೆ 40 ಜನ, 400 ಡಾಲರ್. ಚಳಿಗಾಲದಲ್ಲೂ ಕೆಲಸ ಇರುತ್ತದೆ. ಮೇಜರ್ಸ್‌ನಲ್ಲಿ ಆಡಿದವನ ಸಂಬಳ ವರ್ಷಕ್ಕೆ 2 ಡಾಲರ್ ಏರುತ್ತದೆ, ಮೈನರ್ಸ್‌ನಲ್ಲಿ ಇದ್ದವನದು 1. ಇಲ್ಲಿ ಮೈನಸ್ 20 ಇರುವಾಗ ನನ್ನನ್ನು ಉಳಿಸಿದ್ದು ಜನವರಿಯ ಟ್ರೇಡ್ ಮಾತುಕತೆ.

ಪಿಚರ್ ಡಿಗ್ರಾಮ್ ನನ್ನ ಗಾಯ. 2023ರಲ್ಲಿ 34 ಡಾಲರ್‌ಗೆ ಇದ್ದ. ಆರು ಪಂದ್ಯ ಎಸೆದು ಜೂನ್‌ನಲ್ಲಿ ಮೊಣಕೈಗೆ ಟಾಮಿ ಜಾನ್ ಆಪರೇಷನ್. ಸಿಟ್ಟಿನಲ್ಲಿ ಬಿಟ್ಟುಬಿಟ್ಟೆ. ಬಿಟ್ಟರೆ ಸಂಬಳದ ಅರ್ಧ ನಮ್ಮ ತಲೆ ಮೇಲೇ ಉಳಿಯುತ್ತದೆ. 17 ಡಾಲರ್ ಸುಮ್ನೆ ಹೋಯಿತು. ಮುಂದಿನ ವರ್ಷ ಮಾಡಿಸನ್‌ನ ಗೆಳೆಯ 9ಕ್ಕೆ ಕೊಂಡ. 2025ರಲ್ಲಿ ಡಿಗ್ರಾಮ್ ಇಡೀ ಸೀಸನ್ ಎಸೆದ, ಆಲ್ ಸ್ಟಾರ್ ಆದ. ಗೆಳೆಯ ಕಟ್ಟಿದ್ದು 11. ನವೆಂಬರ್ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಸಿಕ್ಕಿದ್ದ, ಮುಖ ನೋಡಿ ಮಾತಾಡಿಸಲು ಆಗಲಿಲ್ಲ.

ಎಡಿಸನ್ ಕನ್ನಡಿಗ

ಎಲ್ಲರಿಗೂ ಥ್ಯಾಂಕ್ಸ್. ನಮ್ಮ ನಾಲ್ಕು ಜನಕ್ಕೆ 40 ಜನರ ತಂಡ ಕೊಟ್ಟರೆ ಏಪ್ರಿಲ್‌ನಲ್ಲೇ ಓಡಿಹೋಗುತ್ತಾರೆ. ವಾರಕ್ಕೊಮ್ಮೆ ಲೈನಪ್, ಜೊತೆಗೆ ಮೂವರು ಕೀಪರ್. ಹೀಗೆ ಯಾರಾದರೂ ಆಡಿದ್ದೀರಾ?

ಕ್ವೀನ್ಸ್ ನ್ಯಾಷನಲ್

ಕೀಪರ್ ತಂದರೆ ಮೊದಲು ಟ್ರೇಡ್ ಕೊನೆ ದಿನವನ್ನು ಜುಲೈ 15ಕ್ಕೆ ಇಡಿ. ಅಟ್ಲಾಂಟಾದಂಥ ವ್ಯವಹಾರ ನಿಲ್ಲುತ್ತದೆ.

ಅಟ್ಲಾಂಟಾ ಕೀಪರ್

ಮತ್ತೆ ನನ್ನ ಹೆಸರು ಯಾಕೆ? ನಮ್ಮ ಲೀಗ್ 9 ವರ್ಷದಿಂದ ಅದೇ 10 ಜನರ ಜೊತೆ ನಡೆಯುತ್ತಿದೆ. ಒಡೆದಿದ್ದು ನಿಮ್ಮದು.

ಫ್ರೀಮಾಂಟ್ ರೋಟೋ

ಜಯನಗರದವರಿಗೆ: ಫೆಬ್ರವರಿಯಲ್ಲೇ ಎಲ್ಲರಿಗೂ ಗೊತ್ತಿತ್ತು ಅಂತೀರಲ್ಲ, ನಿಮ್ಮ ಲೀಗ್‌ನಲ್ಲಿ ಒಂದು ಸ್ಟೀಲ್‌ಗೆ ಎಷ್ಟು ಪಾಯಿಂಟ್ ಇತ್ತು? 2023ಕ್ಕೆ ಅದನ್ನು ಬದಲಿಸಿದಿರಾ?

ಜಯನಗರಕ್ಕೆ ವಾಪಸ್

2 ಇತ್ತು, 1 ಮಾಡಿದೆವು. ಮಾರ್ಚ್ 5ಕ್ಕೆ ವೋಟ್ ಹಾಕಿ. ಇಲ್ಲಿ ಈಗ ರಾತ್ರಿ ಒಂದು ಗಂಟೆ. ಮಲಗುತ್ತೇನೆ. ಮೇಡಂ ಹತ್ತಿರ ಕ್ಷಮೆ ಕೇಳಿದ್ದೀರಾ ಅಂತ ಬೆಳಗ್ಗೆ ಎದ್ದು ನೋಡುತ್ತೇನೆ.