ಅಸ್ಯಾಸಿನ್ಸ್ ಕ್ರೀಡ್ 3: ಎಂಟು ಗಂಟೆ ಆಡಿಯೂ ಕವರಿನ ಹೀರೋ ಬರ್ಲಿಲ್ಲ, ಮುಂದೆ ಆಡುದಾ ಬಿಡುದಾ?

ಬದಿಯಡ್ಕ_ಬೋರ್‌ವೆಲ್:

ಎಲ್ರಿಗೂ ನಮಸ್ಕಾರ. ತೋಟಕ್ಕೆ ಒಂದು ರೌಂಡ್ ಮದ್ದು ಬಿಟ್ಟಾಯ್ತು, ಮಳೆ ಬಿಡುವ ಲಕ್ಷಣ ಇಲ್ಲ, ಹಾಗೆ ಸೇಲಲ್ಲಿ ಕಮ್ಮಿಗೆ ಸಿಕ್ಕಿತು ಅಂತ ಅಸ್ಯಾಸಿನ್ಸ್ ಕ್ರೀಡ್ 3 ರಿಮಾಸ್ಟರ್ಡ್ ತಗೊಂಡೆ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದ ಕತೆಯ ಗೇಮು. ಪೀಸಿ ಸೆಕೆಂಡ್ ಹ್ಯಾಂಡ್, ಪೇಟೆಯಲ್ಲಿ ಒಬ್ರು "ಎಲ್ಲಾ ಗೇಮೂ ಓಡ್ತದೆ" ಅಂತ ಹೇಳಿ ದಾಟಿಸಿದ್ದು, ಓಡುದು ಹೌದು, ಆದ್ರೆ ಫ್ಯಾನಿನ ಶಬ್ದ ಅಡಿಕೆ ಸುಲಿಯುವ ಮೆಷಿನಿನ ಹಾಗೆ.

ಈಗ ವಿಷಯಕ್ಕೆ ಬರ್ತೇನೆ. ಕವರಲ್ಲಿ ಬಿಲ್ಲು, ಕೊಡಲಿ ಹಿಡ್ಕೊಂಡ ಜನ ಇದ್ದಾನಲ್ಲ, ಅವನನ್ನು ನೋಡಿಯೇ ನಾನು ತಗೊಂಡದ್ದು. ಶುರು ಮಾಡಿದ್ರೆ ಲಂಡನಿನ ಒಂದು ನಾಟಕ ಥಿಯೇಟರು, ಹೇತಮ್ ಅಂತ ಒಬ್ಬ ಟೊಪ್ಪಿ ಹಾಕಿದ ದೊರೆ, ಅವ ಯಾರನ್ನೋ ಕೊಂದು ಹಡಗು ಹತ್ತಿ ಬಾಸ್ಟನಿಗೆ ಹೋಗ್ತಾನೆ, ಅಲ್ಲಿ ಒಬ್ಬೊಬ್ಬರನ್ನೇ ಹುಡುಕಿ ಗ್ಯಾಂಗ್ ಕಟ್ತಾನೆ, ನಾವು ಅವನೇ ಒಳ್ಳೆಯವ ಅಂತ ಮೂರು ಸೀಕ್ವೆನ್ಸ್, ಅಂದ್ರೆ ಮೂರು ಅಧ್ಯಾಯ, ಆಡಿದ ಮೇಲೆ ಗೊತ್ತಾಗ್ತದೆ ಇವ ಎದುರು ಪಾರ್ಟಿ, ಹೀರೋನ ಅಸ್ಯಾಸಿನ್ ಗುಂಪಿನ ಶತ್ರುಗಳಾದ ಟೆಂಪ್ಲರ್ ಅಂತ! ಅದು ಒಪ್ತೇನೆ, ಲಾಯ್ಕ ಇತ್ತು. ಆದ್ರೆ ಅದಾದ ಮೇಲೆ ಒಂದು ಸಣ್ಣ ಹುಡುಗ ಕಾಡಲ್ಲಿ ಕಣ್ಣುಮುಚ್ಚಾಲೆ ಆಡ್ತಾ ಇದ್ದಾನೆ. ಎಂಟು ಗಂಟೆ ಆಯ್ತು ಮಾರಾಯ್ರೆ. ನಡುನಡುವೆ ಕರೆಂಟು ಹೋಗಿ ಮಾಡಿದ್ದನ್ನೇ ಪುನಃ ಮಾಡಿದ್ದೂ ಅದರಲ್ಲಿ ಸೇರಿದೆ ಅನ್ನಿ.

ಇನ್ನೊಂದು ಪ್ರಶ್ನೆ ನನ್ನದಲ್ಲ. ಅಕ್ಕನ ಮಗ ಹತ್ತನೇ ಕ್ಲಾಸು, ಪಕ್ಕದಲ್ಲೇ ಕೂತು ನೋಡ್ತಾನೆ, ಹತ್ತು ನಿಮಿಷಕ್ಕೊಮ್ಮೆ "ಮಾವ, ಈಗ ನಾವು ಯಾರ ಪಾರ್ಟಿ?" ಅಂತ ಕೇಳ್ತಾನೆ. ಇಂಗ್ಲಿಷರಾ, ವಾಷಿಂಗ್ಟನ್ನಾ, ಕಾಡಿನವರಾ? ನಮ್ಮ ಕಾಲದ ಪಾಠದಲ್ಲಿ ವಾಷಿಂಗ್ಟನ್ ಒಳ್ಳೆಯವ, ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್ ಕೆಟ್ಟವ, ಅಲ್ಲಿಗೆ ಮುಗೀತು. ಇದರಲ್ಲಿ ಬರುವ ಚರಿತ್ರೆ ಎಷ್ಟು ನಿಜ, ಎಷ್ಟು ಬುರುಡೆ? ಹುಡುಗ ಇದನ್ನೇ ಪರೀಕ್ಷೆಯಲ್ಲಿ ಬರೆದು ಬಂದ್ರೆ ಅಕ್ಕ ನನ್ನನ್ನು ಮನೆಗೆ ಸೇರಿಸ್ಲಿಕ್ಕಿಲ್ಲ.

*

ಕುಂಬ್ಳೆ_ಕಾನರ್:

ಅಣ್ಣಾ ಬಿಡ್ಬೇಡಿ, ಒಳ್ಳೆ ಜಾಗಕ್ಕೆ ಬಂದು ನಿಂತಿದ್ದೀರಿ. ಆ ಕಣ್ಣುಮುಚ್ಚಾಲೆ ಆಡುವ ಹುಡುಗನೇ ನಿಮ್ಮ ಹೀರೋ, ಕಾನರ್. ಅವನಿಗೆ ಕವರಲ್ಲಿರುವ ಆ ಬಿಳಿ ಡ್ರೆಸ್ಸು ಸಿಗುದು ಐದನೇ ಸೀಕ್ವೆನ್ಸ್ ಮುಗಿಯುವಾಗ, ಒಟ್ಟು ಹನ್ನೆರಡು ಉಂಟು. ನಾನು 2012ರಲ್ಲಿ ಗೇಮ್ ಬಂದಾಗ ಫ್ರೆಂಡ್ ಮನೆಯಲ್ಲಿ ಆಡಿ ನಿಮ್ಮ ಹಾಗೆಯೇ ಬೈದು ಬಿಟ್ಟವ, ಕಾಲೇಜು ಮುಗಿದ ಮೇಲೆ ಪುನಃ ಕೂತು ಆಡಿದಾಗ ಹೋಗ್ಲಿಕ್ಕೆ ಮನಸ್ಸು ಬರ್ಲಿಲ್ಲ.

ಒಂದು ಮಾತು ಕೇಳಿ, ಮಿಷನಿನ ಸೈಡಲ್ಲಿ ತೋರಿಸುವ ಆಪ್ಷನಲ್ ಕೆಲಸಗಳ ಹಿಂದೆ ಬೀಳ್ಬೇಡಿ. "ಯಾರಿಗೂ ಕಾಣ್ಬಾರ್ದು, ಇಷ್ಟು ಸೆಕೆಂಡಲ್ಲಿ ಮುಗಿಸ್ಬೇಕು" ಅಂತ ಹೇಳ್ತದೆ, ಹೇಳ್ಲಿ. ನೂರು ಪರ್ಸೆಂಟ್ ಸಿಂಕ್, ಅಂದ್ರೆ ಅದೆಲ್ಲವೂ ಪೂರ್ತಿ, ಆಗ್ಬೇಕು ಅಂತ ಹೊರಟ್ರೆ ಮಂಡೆಬೆಚ್ಚ ಗ್ಯಾರಂಟಿ. ಕದ್ದು ಕೇಳುವ ಮಿಷನ್‌ಗಳಂತೂ ಈಗ ಆಡುವಾಗ ಹಳತು ಅನಿಸ್ತದೆ, ಸುಳ್ಳು ಹೇಳುದಿಲ್ಲ.

ಆದ್ರೆ ಕಾಡು ಉಂಟಲ್ಲ, ಫ್ರಾಂಟಿಯರ್, ಅದನ್ನು ನೋಡಿ. ಹಿಂದಿನ ಗೇಮಲ್ಲಿ ಗೋಡೆ, ಮಾಡು ಹತ್ತುದಾಯ್ತು, ಇದರಲ್ಲಿ ಮರ. ಕವೆಯಾಗಿ ಒಡೆದ ಕೊಂಬೆ ಇರ್ತದಲ್ಲ, ಆ ಸಂದಿಯಲ್ಲಿ ಕಾಲಿಟ್ಟು ಮೈಯನ್ನು ತಿರುಗಿಸಿ ಆಚೆ ಮರಕ್ಕೆ ಹೋಗುದನ್ನು ನೋಡಿದಾಗ ನಮ್ಮಲ್ಲಿ ಕೊನೆ ತೆಗೆಯುವವರು ಒಂದು ಅಡಿಕೆ ಮರದ ತಲೆಯಿಂದ ಇನ್ನೊಂದಕ್ಕೆ ಬಗ್ಗಿ ಹಾರುದೇ ನೆನಪಾದದ್ದು ನನಗೆ. ಚಳಿಗಾಲದಲ್ಲಿ ಅದೇ ಕಾಡಿಗೆ ಹೋದ್ರೆ ಹಿಮದಲ್ಲಿ ಹುಗಿದು ಓಡ್ಲಿಕ್ಕೇ ಆಗುದಿಲ್ಲ, ಆಗ ಮರದ ಮೇಲಿನ ದಾರಿಯೇ ಗತಿ. ಕೋವಿ ಆ ಕಾಲದ್ದು, ಒಂದು ಗುಂಡು ಹೊಡೆದ್ರೆ ಪುನಃ ತುಂಬಿಸ್ಬೇಕು, ಹಾಗಾಗಿ ಕೊಡಲಿಯೇ ಲಾಯ್ಕ. ಸಿಪಾಯಿಗಳು ಸಾಲಾಗಿ ನಿಂತು ಗುರಿ ಹಿಡಿದ್ರೆ ಹತ್ತಿರ ಇದ್ದ ಒಬ್ಬನನ್ನು ಹಿಡಿದು ಎದುರಿಗೆ ನಿಲ್ಲಿಸಿ, ಬಚಾವ್.

ಅಕ್ವಿಲಾ ಹಡಗಿನ ಮಿಷನ್‌ಗಳನ್ನು ಒಂದೂ ಬಿಡ್ಬೇಡಿ. ಹೋಮ್‌ಸ್ಟೆಡ್ ಮಿಷನ್‌ಗಳನ್ನೂ, ಅಂದ್ರೆ ಊರು ಕಟ್ಟುವ ಕತೆ, ಮರ ಕಡಿಯುವವರು ಬರ್ತಾರೆ, ಡಾಕ್ಟರು ಬರ್ತಾರೆ, ಒಂದು ಮದುವೆಯೂ ಆಗ್ತದೆ, ಕೊಲೆ ಗಿಲೆ ಕಮ್ಮಿ. ಇಡೀ ಗೇಮಲ್ಲಿ ಕಾನರ್ ನೆಮ್ಮದಿಯಲ್ಲಿ ಇರುದು ಅಲ್ಲಿ ಮಾತ್ರ.

*

ಉಪ್ಪಳ_ಎಕ್ಸ್‌ಪ್ರೆಸ್:

ನಾನಾದ್ರೆ ಇವತ್ತೇ ಅನ್‌ಇನ್‌ಸ್ಟಾಲ್. ಕಾನರಿನ ಮುಖದಲ್ಲಿ ಒಂದು ನಗೆ ಇಲ್ಲ ಮಾರ್ರೆ, ಯಾವಾಗ ನೋಡಿದ್ರೂ ಹುಳಿ ತಿಂದವರ ಹಾಗೆ. ಪಾಲ್ ರಿವಿಯರ್ ಅಂತ ಅಮೆರಿಕನರ ಕಡೆಯ ಒಬ್ಬನ ಜೊತೆ ಕುದುರೆ ಮಿಷನ್ ಒಂದುಂಟು, ಕಾನರ್ ಓಡಿಸುದು, ಆ ಮನುಷ್ಯ ಹಿಂದೆ ಕೂತು "ಎಡಕ್ಕೆ, ಬಲಕ್ಕೆ, ದಾಟಿ ಹೋಯ್ತು ಹಿಂದೆ ತಿರುಗಿಸು" ಅಂತ ಹೇಳುದು. ನಮ್ಮಪ್ಪನನ್ನು ಸ್ಕೂಟರಲ್ಲಿ ಕೂರಿಸಿಕೊಂಡು ಮಂಗಳೂರಿಗೆ ಹೋದ ಹಾಗೆ ಆಯ್ತು ನನಗೆ. ಕೊನೆಗೆ ಟೆಂಪ್ಲರ್ ಗುಂಪಿನ ಚಾರ್ಲ್ಸ್ ಲೀಯನ್ನು ಬೆಂಕಿ ಹತ್ತಿದ ಹಡಗಲ್ಲಿ ಅಟ್ಟಿಸ್ಕೊಂಡು ಹೋಗುದು ಹದಿನೈದು ಸಲ ಮಾಡಿದ್ದೇನೆ. ಇಷ್ಟೆಲ್ಲ ಮಾಡಿ ಕೊನೆಗೆ ಕಾನರಿನ ಊರೇ ಉಳಿಯುದಿಲ್ಲ. ಇದರ ನಂತರದ್ದು, ಕಡಲ್ಗಳ್ಳರದ್ದು, 2013ರಲ್ಲಿ ಬಂದದ್ದು ಉಂಟಲ್ಲ, ಅದನ್ನು ಆಡಿ, ಈ ಹೇತಮಿನ ಅಪ್ಪನ ಕತೆ. ಸಮುದ್ರ, ಹಾಡು, ಮಜಾ.

*

ಕುಂಬ್ಳೆ_ಕಾನರ್:

ಉಪ್ಪಳದವರೇ, ಜನ ಇನ್ನು ಅರ್ಧ ಆಡಿಲ್ಲ, ಕೊನೆಯನ್ನೇ ಹೇಳಿಬಿಟ್ರಲ್ಲ ನೀವು. ಯಕ್ಷಗಾನದಲ್ಲಿ ಸ್ವಲ್ಪ ಮೊದಲೇ ಎದ್ದು "ಕೀಚಕ ಸಾಯ್ತಾನೆ" ಅಂತ ಹೇಳಿ ಹೋಗುವವರು ನೀವೇ ಇರ್ಬೇಕು.

*

ಉಪ್ಪಳ_ಎಕ್ಸ್‌ಪ್ರೆಸ್:

ಕೀಚಕ ಸಾಯ್ತಾನೆ ಅಂತ ಎಲ್ರಿಗೂ ಗೊತ್ತುಂಟು, ಆದ್ರೂ ಬೆಳಗಿನವರೆಗೆ ಕೂರುದಿಲ್ವಾ? 😀

*

ಪೆರ್ಲದ_ಹಳೇ_ಮಾಷ್ಟ್ರು:

ನಾನು ಗೇಮ್ ಆಡುವವನಲ್ಲ, ಮೊಮ್ಮಗ ಆಡುವಾಗ ಹಿಂದೆ ಈಸಿಚೇರಲ್ಲಿ ಕೂತು ಇದನ್ನು ಪೂರ್ತಿ ನೋಡಿದ್ದೇನೆ. ಮೂವತ್ತು ವರ್ಷ ಸಮಾಜ ಪಾಠ ಮಾಡಿದ ಬಾಯಿ ಸುಮ್ಮನಿರುದಿಲ್ಲ, ಸ್ವಲ್ಪ ಉದ್ದ ಆಗ್ತದೆ, ಕ್ಷಮಿಸ್ಬೇಕು.

ಗೇಮಲ್ಲಿ ಬರುವ ಟೆಂಪ್ಲರರ ಹೆಸರುಗಳು ಹೆಚ್ಚಿನವು ನಿಜ, ಸಾವುಗಳು ಹೆಚ್ಚಿನವು ಸುಳ್ಳು. ವಿಲಿಯಂ ಜಾನ್ಸನ್ ಸತ್ತದ್ದು 1774ರಲ್ಲಿ ಕಾಯಿಲೆಯಿಂದ, ಇದರಲ್ಲಿ ಕಾನರ್ ಕೊಲ್ತಾನೆ. ಥಾಮಸ್ ಹಿಕ್ಕಿಯನ್ನು 1776ರ ಜೂನಲ್ಲಿ ನ್ಯೂಯಾರ್ಕಿನಲ್ಲಿ ಗಲ್ಲಿಗೆ ಹಾಕಿದ್ರು. ಚಾರ್ಲ್ಸ್ ಲೀ ವಾಷಿಂಗ್ಟನಿನ ಕೈಕೆಳಗೆ ದೊಡ್ಡ ಜನರಲ್ ಆಗಿದ್ದವ, ಮನ್ಮತ್ ಯುದ್ಧದ ನಂತರ ಮಿಲಿಟರಿ ವಿಚಾರಣೆಗೆ ಒಳಗಾಗಿ ಹೊರಗೆ ಬಿದ್ದ, 1782ರಲ್ಲಿ ಫಿಲಡೆಲ್ಫಿಯಾದಲ್ಲಿ ಜ್ವರ ಬಂದು ತೀರಿಹೋದ. ಪಿಟ್‌ಕೇರ್ನ್ ಮಾತ್ರ ಬಂಕರ್ ಹಿಲ್ ಯುದ್ಧದಲ್ಲೇ ಸತ್ತದ್ದು ಹೌದು, ಆದ್ರೆ ಗುಂಡೇಟಿಗೆ, ಕಾನರಿನ ಕೈಯಲ್ಲಿ ಅಲ್ಲ.

ಹುಡುಗನ ಪ್ರಶ್ನೆ ಉಂಟಲ್ಲ, ಯಾರ ಪಾರ್ಟಿ ಅಂತ, ಅದು ಪಾಠಪುಸ್ತಕ ಬರೆಯುವವರು ಕೇಳ್ಬೇಕಾದ ಪ್ರಶ್ನೆ. ಕಾನರ್ ಮೋಹಾಕ್ ಅಂತ ಅಮೆರಿಕದ ಮೂಲನಿವಾಸಿ ಬುಡಕಟ್ಟಿನ ಜನ. ಮೋಹಾಕರು ಸೇರಿದ ಹಾಗೆ ಆರು ಬುಡಕಟ್ಟಿನ ಒಂದು ಒಕ್ಕೂಟ ಇತ್ತು, ಈ ಯುದ್ಧದಲ್ಲಿ ಅದು ಎರಡಾಯ್ತು. ಮೋಹಾಕರಲ್ಲಿ ಹೆಚ್ಚಿನವರು ಇಂಗ್ಲಿಷರ ಕಡೆ ನಿಂತ್ರು, ಒನೈಡಾದವರು ಹೆಚ್ಚಾಗಿ ಅಮೆರಿಕನರ ಕಡೆ. ಅಂದ್ರೆ ನಿಮ್ಮ ಕಾನರ್ ತನ್ನವರಿಗೇ ಎದುರಾಗಿ ಹೋದ ಹಾಗೆ. 1760ರಲ್ಲಿ ವಾಷಿಂಗ್ಟನ್ ಅವನ ಹಳ್ಳಿ ಸುಡ್ಲಿಕ್ಕೆ ಹೇಳಿದ ಅಂತ ಗೇಮಲ್ಲಿ ಬರ್ತದೆ, ಅದು ಕಟ್ಟುಕತೆ. 1758ರ ಕೊನೆಗೇ ಅವ ಸೈನ್ಯ ಬಿಟ್ಟು ಮನೆಗೆ ಹೋಗಿ ಬೇಸಾಯ ಮಾಡ್ತಾ ಇದ್ದ. ಆದ್ರೆ 1779ರಲ್ಲಿ ಅವನ ಅಪ್ಪಣೆಯಂತೆ ಸಲ್ಲಿವನ್ ಅಂತ ಜನರಲ್ ದಂಡು ತಗೊಂಡು ಹೋಗಿ ಇದೇ ಒಕ್ಕೂಟದ ನಲವತ್ತಕ್ಕೂ ಹೆಚ್ಚು ಊರು ಸುಟ್ಟ, ಜೋಳದ ಹೊಲ, ಹಣ್ಣಿನ ತೋಟ ಎಲ್ಲ ಕಡಿದು ಹಾಕಿದ. ಅವರ ಭಾಷೆಯಲ್ಲಿ ವಾಷಿಂಗ್ಟನಿಗೆ ಇದ್ದ ಹೆಸರು "ಊರು ಹಾಳು ಮಾಡುವವ" ಅಂತ. ಇಸವಿ ಸುಳ್ಳು, ಬೆಂಕಿ ನಿಜ. ಯುದ್ಧ ಮುಗಿದು 1783ರಲ್ಲಿ ಪ್ಯಾರಿಸಿನಲ್ಲಿ ರಾಜಿ ಬರೆಯುವಾಗ ಈ ಜನರ ಭೂಮಿಯನ್ನೆಲ್ಲ ಇಂಗ್ಲಿಷರು ಅಮೆರಿಕನರಿಗೆ ಬಿಟ್ಟುಕೊಟ್ರು, ಆ ಕಾಗದದಲ್ಲಿ ಇವರ ಹೆಸರೇ ಇಲ್ಲ.

ಚಾದ ಕತೆ ಹುಡುಗನಿಗೆ ಹೇಳಿ. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನಿನಲ್ಲಿ ಮೂರು ಹಡಗಿಂದ 342 ಪೆಟ್ಟಿಗೆ ಚಾಪುಡಿ ನೀರಿಗೆ ಹಾಕಿದವರು ಮೋಹಾಕರ ವೇಷ ಹಾಕಿಕೊಂಡ ಬಿಳಿಯರು. ಗೇಮಲ್ಲಿ ನಿಜವಾದ ಮೋಹಾಕನನ್ನೇ ಅಲ್ಲಿ ನಿಲ್ಲಿಸಿದ್ದಾರೆ, ಆ ತಮಾಷೆ ನನಗೆ ಹಿಡಿಸಿತು. ಆ ಚಾ ಯಾರದ್ದು? ಈಸ್ಟ್ ಇಂಡಿಯಾ ಕಂಪೆನಿಯದ್ದು. ನಮ್ಮ ಬೇಕಲ ಕೋಟೆ ಕೊನೆಗೆ ಯಾರ ಕೈಗೆ ಹೋಯ್ತೋ ಅದೇ ಕಂಪೆನಿ.

ನಮ್ಮ ಊರಿಗೂ ಆ ಯುದ್ಧಕ್ಕೂ ಎಂತ ಸಂಬಂಧ ಅಂತ ಕೇಳ್ಬೇಡಿ. ನೀವೆಲ್ಲ ಪೆಟ್ರೋಲ್ ಹಾಕಿಸ್ಲಿಕ್ಕೆ (ಪೆಟ್ರೋಲಿಗೇ ಅಂತ ನಂಬ್ತೇನೆ) ಹೋಗುವ ಮಾಹೆ ಫ್ರೆಂಚರದ್ದಾಗಿತ್ತು. 1778ರಲ್ಲಿ ಫ್ರೆಂಚರು ಅಮೆರಿಕನರ ಕಡೆ ಸೇರಿದ್ರು, ಅದರ ಸಿಟ್ಟಿಗೆ ಮಾರನೇ ವರ್ಷ ಇಂಗ್ಲಿಷರು ಮಾಹೆ ಹಿಡಿದ್ರು, ಮಾಹೆಯಿಂದ ಮದ್ದುಗುಂಡು ತರಿಸ್ತಾ ಇದ್ದ ಹೈದರಾಲಿಗೆ ತಲೆ ಕೆಟ್ಟಿತು, 1780ರಲ್ಲಿ ಎರಡನೇ ಮೈಸೂರು ಯುದ್ಧ. ಅಮೆರಿಕನರಿಗೆ ಇದೆಲ್ಲ ಗೊತ್ತಿತ್ತು. ಅವರ ಒಂದು ಯುದ್ಧದ ಹಡಗಿನ ಹೆಸರೇ ಹೈದರ್ ಅಲಿ! 1782ರ ಏಪ್ರಿಲಲ್ಲಿ ಅದು ಡೆಲಾವೇರ್ ಕೊಲ್ಲಿಯಲ್ಲಿ ಜನರಲ್ ಮಂಕ್ ಅಂತ ಇಂಗ್ಲಿಷರ ಹಡಗನ್ನು ಸೆರೆಹಿಡಿಯಿತು. ಮರುವರ್ಷ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದಾಗ ಜೊತೆಗೆ ಫ್ರೆಂಚ್ ಸಿಪಾಯಿಗಳಿದ್ರು, ಯುರೋಪಿನಲ್ಲಿ ರಾಜಿ ಆಯ್ತು ಅಂತ ಸುದ್ದಿ ಬಂದದ್ದೇ ತಡ ಅವರು ಕೋವಿ ಕೆಳಗಿಟ್ರು. ಇನ್ನು ಯಾರ್ಕ್‌ಟೌನಿನಲ್ಲಿ 1781ರಲ್ಲಿ ಸೋತು ಶರಣಾದ ಕಾರ್ನ್‌ವಾಲಿಸ್ ಐದೇ ವರ್ಷದಲ್ಲಿ ಗವರ್ನರ್ ಜನರಲ್ ಆಗಿ ನಮ್ಮಲ್ಲಿಗೆ ಬಂದ. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ತಗೊಂಡು ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವ ಅವನೇ. ಅಲ್ಲಿ ಕಳೆದದ್ದನ್ನು ಇಲ್ಲಿ ವಸೂಲು ಮಾಡಿದ.

*

ಮಂಜೇಶ್ವರ_ಟು_ದುಬೈ:

ಮಾಷ್ಟ್ರೇ ನಿಮ್ಮ ಕ್ಲಾಸಲ್ಲಿ ಕೂತಿದ್ರೆ ನನಗೆ ಸಮಾಜದಲ್ಲಿ ಇನ್ನು ಹತ್ತು ಮಾರ್ಕು ಜಾಸ್ತಿ ಬರ್ತಿತ್ತು.

ನಾನು ಇದನ್ನು ರೂಮಲ್ಲಿ ಆಡಿದ್ದು, ಜೊತೆಗೆ ಇಬ್ಬರು ಕಣ್ಣೂರಿನವರು. ಹಳ್ಳಿಯ ಸೀನುಗಳಲ್ಲಿ ಇಂಗ್ಲಿಷ್ ಇಲ್ಲ, ಪೂರಾ ಮೋಹಾಕ್ ಭಾಷೆ, ಕೆಳಗೆ ಸಬ್‌ಟೈಟಲ್. ಆ ಭಾಷೆ ಮಾತಾಡುವವರು ಈಗ ತುಂಬಾ ಕಮ್ಮಿ, ಕಂಪೆನಿಯವರು ಅವರ ಊರಿಂದಲೇ ಜನ ಕರೆಸಿ ಕೇಳಿ ಮಾಡಿದ್ದು. ತಲೆಯ ಚರ್ಮ ಸುಲಿಯುವ ಒಂದು ಐಟಂ ಹಾಕ್ಬೇಕು ಅಂತಿದ್ರಂತೆ, ಅದು ಸರಿಯಲ್ಲ ಅಂತ ಸಲಹೆ ಬಂದ ಮೇಲೆ ತೆಗೆದ್ರು. ಕಾನರಿನ ನಿಜ ಹೆಸರು ಹೆಚ್ಚುಕಮ್ಮಿ "ರದೂನ್ಹಗೇದು". ಅಕಿಲೀಸ್ ಅಂತ ಗುರು ಒಬ್ಬ ಬರ್ತಾನೆ, ಅವ "ಇದನ್ನೆಲ್ಲ ನನ್ನಿಂದ ಹೇಳ್ಲಿಕ್ಕಾಗುದಿಲ್ಲ" ಅನ್ನುವ ಹಾಗೆ ಮಾಡಿ ಕಾನರ್ ಅಂತ ಇಟ್ಟುಬಿಡ್ತಾನೆ, ಅದು ತೀರಿಹೋದ ಅವನ ಮಗನ ಹೆಸರು. ರೂಮಿನವರಿಬ್ಬರೂ ನಕ್ಕರು, ನನಗೆ ನಗು ಬರ್ಲಿಲ್ಲ. ನಮ್ಮ ಊರಿನ ಹೆಸರಿನ ಕೊನೆಗೆ ಒಂದು ಸೊನ್ನೆ ಅಂಟಿಸಿ ಮಂಜೇಶ್ವರಂ ಮಾಡಿದವರ ಜೊತೆಗೇ ಅಲ್ವಾ ನಾನು ಚಾ ಕುಡಿಯುದು 🙂 ಅವರು ಒಳ್ಳೆಯ ಜನ, ಅದು ಬೇರೆ ವಿಷಯ. ಸಬ್‌ಟೈಟಲ್ ಆನ್ ಮಾಡಿ ಆಡಿ ಅಣ್ಣ, ಇಲ್ಲದಿದ್ರೆ ಅರ್ಧ ಕತೆ ಹೋಗ್ತದೆ.

*

ಬದಿಯಡ್ಕ_ಬೋರ್‌ವೆಲ್:

ಹತ್ತು ದಿನ ಬಿಟ್ಟು ಬರೀತಾ ಇದ್ದೇನೆ. ಈಗ ಏಳನೇ ಸೀಕ್ವೆನ್ಸ್. ಡ್ರೆಸ್ಸು ಸಿಕ್ಕಿತು! ಆ ಕುದುರೆ ಮಿಷನಲ್ಲಿ ಉಪ್ಪಳದವರ ಅಪ್ಪನನ್ನು ನೆನೆದು ನಗ್ತಾ ನಗ್ತಾ ಎರಡು ಸಲ ದಾರಿ ತಪ್ಪಿದೆ. ಮಾಷ್ಟ್ರು ಬರೆದದ್ದನ್ನು ಅಕ್ಕನ ಮಗ ನೋಟ್ಸಿಗೆ ಇಳಿಸಿಕೊಂಡಿದ್ದಾನೆ, ಹೈದರ್ ಅಲಿ ಹಡಗಿನ ಕತೆ ಕ್ಲಾಸಲ್ಲಿ ಹೇಳಿದ್ದಕ್ಕೆ ಟೀಚರು ಎಲ್ಲಿಂದ ಸಿಕ್ಕಿತು ಅಂತ ಕೇಳಿದ್ರಂತೆ, ಗೇಮ್ ಅಂತ ಹೇಳ್ಬೇಡ ಅಂದಿದ್ದೇನೆ.

ಚಾ ಪೆಟ್ಟಿಗೆ ಹಾಕುವ ದಿನ ಅಮ್ಮ ಕತ್ತಿಪೀಠ ತಂದು ಹಿಂದೆಯೇ ಕೂತು ಹಲಸಿನ ಬೀಜ ಕೊಯ್ತಾ ಇದ್ರು. ಪೆಟ್ಟಿಗೆ ಎತ್ತುದು ಹಾಕುದು, ಎತ್ತುದು ಹಾಕುದು. ಸ್ವಲ್ಪ ಹೊತ್ತು ನೋಡಿ "ಅಷ್ಟೂ ಚಾಪುಡಿ ನೀರಿಗೆ ಹಾಕುದಾ, ಎಂತ ಕರ್ಮ, ಒಂದು ಪೆಟ್ಟಿಗೆ ಈಚೆ ಇಡ್ಲಿಕ್ಕೆ ಹೇಳು" ಅಂದ್ರು. ಅವರಿಗೆ ತೆರಿಗೆ, ಪ್ರಾತಿನಿಧ್ಯ ಎಲ್ಲ ಹೇಳ್ಲಿಕ್ಕೆ ಹೋಗ್ಲಿಲ್ಲ.

ಮತ್ತೆ ಒಂದು ಸಂಗತಿ ಯಾರೂ ಹೇಳ್ಲೇ ಇಲ್ವಲ್ಲ. ಹೆಂಡದಂಗಡಿಯಲ್ಲಿ ಟೇಬಲ್ ಮೇಲೆ ಒಂದು ಆಟ ಇಟ್ಟಿರ್ತಾರೆ, ಮೋರಿಸ್ ಅಂತ, ಮೂರು ಚೌಕ ಒಂದರೊಳಗೊಂದು, ಗೆರೆಯಲ್ಲಿ ಮೂರು ಕಾಯಿ ಸಾಲಾದ್ರೆ ಎದುರಿನವರದ್ದು ಒಂದು ತೆಗೆಯುದು. ನಾನು ನಾಲ್ಕು ಸಲ ಸೋತೆ. ಐದನೇ ಸಲಕ್ಕೆ ಅಮ್ಮ ಕತ್ತಿಪೀಠ ಬದಿಗಿಟ್ಟು ಎದ್ದು ಬಂದು ಸ್ಕ್ರೀನಿಗೆ ಬೆರಳು ತಾಗಿಸಿ (ಹಲಸಿನ ಮೇಣ ಈಗಲೂ ಅಲ್ಲೇ ಉಂಟು) "ಇದು ಸಾಲುಮನೆ ಅಲ್ವಾ, ಅಲ್ಲಿ ಯಾಕೆ ಇಟ್ಟೆ, ಮೂಲೆಗೆ ಇಡು" ಅಂದ್ರು. ಸಣ್ಣದಿರುವಾಗ ಜಗಲಿಯಲ್ಲಿ ಮಸಿಕೆಂಡದಲ್ಲಿ ಬರೆದು ಹುಣಸೆಬೀಜ, ಮಂಜೊಟ್ಟಿ ಇಟ್ಟು ಆಡ್ತಿದ್ರಂತೆ. ಅವರು ಹೇಳಿದ ಹಾಗೆ ಇಟ್ಟೆ, ಎದುರಿನವನಿಗೆ ಎರಡೇ ಕಾಯಿ ಉಳಿಯಿತು. ಈಗ ಸಂಜೆ ದೀಪ ಹಚ್ಚಿ ಆದದ್ದೇ "ಆ ಹೆಂಡದಂಗಡಿಗೆ ಹೋಗುವ" ಅಂತ ಅವರೇ ಕರೀತಾರೆ, ಕ್ರಾಂತಿ ಮುಂದೆ ಹೋಗ್ತಾ ಇಲ್ಲ.

ನಿನ್ನೆ ಹುಡುಗ ಅವರನ್ನೂ ಕೇಳಿದ, "ಅಜ್ಜಿ, ನೀವು ಯಾರ ಪಾರ್ಟಿ?"

"ನಾನು ಕಪ್ಪು ಕಾಯಿ. ಮಾತಾಡ್ಬೇಡ, ತಪ್ಪುತ್ತದೆ."